ಕಾಲರ್ ಐಡಿ ಡಬ್ಬಿಯ ಕ್ರಿಸ್ಟಲ್, ಗುಜರಿ ಟಿವಿ, ಜಪಾನಿನ ಫ್ಯಾಮಿಕಾಮ್: ಬಣ್ಣ ಬಂದ ಕಥೆ

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಈಗ ನಿಂಟೆಂಡೊದ ಹಳೆ ವಿಡಿಯೊ ಗೇಮ್ ಯಂತ್ರ, ಜಪಾನಿನ ಅಸಲಿ ಫ್ಯಾಮಿಕಾಮ್, ಒಂದು 21 ಇಂಚಿನ ಗುಜರಿ ಟಿವಿಯಲ್ಲಿ ಪೂರ್ತಿ ಬಣ್ಣದಲ್ಲಿ ಓಡುತ್ತಿದೆ. ನಡುವೆ ಯಾವ ಕನ್ವರ್ಟರ್ ಡಬ್ಬಿಯೂ ಇಲ್ಲ. ಆ ಬಣ್ಣ ಕೊಟ್ಟಿದ್ದು ಹಳೆ ಲ್ಯಾಂಡ್‌ಲೈನ್ ಫೋನಿನ ಪಕ್ಕ ಇಡುತ್ತಿದ್ದ ಕಾಲರ್ ಐಡಿ ಡಬ್ಬಿಯೊಳಗಿನ ಕ್ರಿಸ್ಟಲ್, ಅಂದರೆ ಸರ್ಕ್ಯೂಟಿಗೆ ಕರಾರುವಾಕ್ಕಾದ ತಾಳ ಕೊಡುವ ಪುಟ್ಟ ಬಿಡಿಭಾಗ. ಇದು ಆಗಲ್ಲ ಅಂತ ಕಡಿಮೆ ಅಂದ್ರೂ ಐದು ಜನ ಹೇಳಿದ್ದರು. ಅದರಲ್ಲಿ ಇಬ್ಬರು ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದವರು. ಆಯಿತು. ಹೇಗೆ ಆಯಿತು ಅಂತ ಬರೆಯುತ್ತಿದ್ದೇನೆ.

ನಮ್ಮ ವಯಸ್ಸಿನವರು ಆಡಿದ್ದೆಲ್ಲ ಇದರ ನಕಲು ಯಂತ್ರಗಳು, ಅಂದರೆ ಕ್ಲೋನ್‌ಗಳೇ ಅಲ್ವಾ. ಸಮುರಾಯ್, ಟರ್ಮಿನೇಟರ್, ಹೆಸರೇ ಇಲ್ಲದ ಕಪ್ಪು ಡಬ್ಬಿಗಳು. ಹಳೆ ಊರಿನಲ್ಲಿ, ನಮ್ಮ ಓಣಿಯ ತುದಿಗೆ, ಗಂಟೆಗೆ ಹತ್ತು ರೂಪಾಯಿಗೆ ಆಡಿಸುವ ಒಂದು ಅಂಗಡಿ ಇತ್ತು. ಆಲಮಟ್ಟಿ ಹಿನ್ನೀರಿಗೆ ಆ ಓಣಿ ಮುಳುಗಡೆಯಾಯಿತು, ನಾವು ನವನಗರಕ್ಕೆ ಬಂದೆವು. ಬರುವಾಗ ಎಲ್ಲರ ಮನೆಯ ಅಟ್ಟದಿಂದ ಏನೇನೋ ಇಳಿದು ಗುಜರಿಗೆ ಹೋಯಿತು. ನನ್ನ ಮೊದಲ ಇಪ್ಪತ್ತು ಗೇಮ್ ಕ್ಯಾಸೆಟ್ ಸಿಕ್ಕಿದ್ದು ಹಾಗೆ, ತೂಕದ ಲೆಕ್ಕದಲ್ಲಿ. ಈಗ ನನ್ನ ಹತ್ತಿರ ಸುಮಾರು 140 ಕ್ಯಾಸೆಟ್ ಇವೆ. ಇಳಕಲ್, ಜಮಖಂಡಿ, ಬನಹಟ್ಟಿ, ಗುಳೇದಗುಡ್ಡ ಎಲ್ಲ ಕಡೆ ಅಲೆದು ಕೂಡಿಸಿದ್ದು. ನಮ್ಮ ಸುತ್ತಿನ ಮೂರು ಜಿಲ್ಲೆಯಲ್ಲಿ ಇಷ್ಟು ಇನ್ನೊಬ್ಬರ ಹತ್ತಿರ ಇರುವುದನ್ನು ನಾನಂತೂ ನೋಡಿಲ್ಲ.

ಕ್ಲೋನ್‌ನಲ್ಲಿ ಆಡುವಾಗ ಒಂದು ವಿಷಯ ಕೊರೆಯುತ್ತಿತ್ತು. ನಮ್ಮ ಡಬ್ಬಿಗಳು ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ಟಿವಿಗೆ ಮಾಡಿದವು, ಸೆಕೆಂಡಿಗೆ 50 ಫ್ರೇಮ್ (ಚಿತ್ರ). ಜಪಾನಿನ ಅಸಲಿ ಯಂತ್ರ 60. ಅಂದರೆ ನಾವು ಬಾಲ್ಯವಿಡೀ ಆಡಿದ ಮಾರಿಯೋ ಆರರಲ್ಲಿ ಒಂದು ಪಾಲು ನಿಧಾನ. ಸಂಗೀತದ ಸ್ವರ ಹೆಚ್ಚುಕಡಿಮೆ ಅದೇ, ನಡೆ ಮಾತ್ರ ಎಳೆದ ಹಾಗೆ. ಅಸಲಿ ವೇಗದಲ್ಲಿ, ಅಸಲಿ ಯಂತ್ರದಲ್ಲಿ, ಪಿಕ್ಚರ್ ಟ್ಯೂಬಿನ ಮೇಲೆ ಒಮ್ಮೆ ಆಡಬೇಕು. ಆಸೆ ಇಷ್ಟೇ.

ಫ್ಯಾಮಿಕಾಮ್ ಬಂದದ್ದು 2021ರಲ್ಲಿ, ಪುಣೆಯ ಒಬ್ಬ ಸಂಗ್ರಾಹಕರಿಂದ. 6,500 ಕೊಟ್ಟ ನೆನಪು, ಮೇಲೆ ಕೊರಿಯರ್. ಹಳದಿ ತಿರುಗಿದ ಮೈ, ಕೆಂಪು ಮುಚ್ಚಳ, ಯಂತ್ರಕ್ಕೇ ಬೆಸೆದ ಎರಡು ಕಂಟ್ರೋಲರ್. ಎರಡನೆಯದರಲ್ಲಿ ಮೈಕ್ ಇದೆ, ಸ್ಟಾರ್ಟ್ ಬಟನ್ ಇಲ್ಲ. ಜೊತೆಗೆ ಅದರದ್ದೇ ಅಡಾಪ್ಟರ್. ಸಂತೋಷದಲ್ಲಿ ನೇರ ಪ್ಲಗ್ಗಿಗೆ ಚುಚ್ಚಿದೆ. ಅದು 100 ವೋಲ್ಟಿನದು, ನಮ್ಮದು 230. ಪಟ್ ಅಂತ ಒಂದು ಸದ್ದು, ಸುಟ್ಟ ವಾರ್ನಿಶ್ ವಾಸನೆ. ಯಂತ್ರ ಉಳಿಯಿತು, ಅಡಾಪ್ಟರ್ ಹೋಯಿತು. ಆಮೇಲೆ ನನ್ನ ಇನ್ನೊಂದು ಗೇಮ್ ಯಂತ್ರ, ಸೆಗಾದ ಮೆಗಾ ಡ್ರೈವ್ 1ರ ಅಡಾಪ್ಟರ್ ಹಾಕಿದೆ. ಎರಡಕ್ಕೂ ನಡುವಿನ ಪಿನ್ನೇ ನೆಗೆಟಿವ್, ಹಾಗಾಗಿ ಸರಿಯಾಗಿ ಹೊಂದುತ್ತೆ. ಅಂಗಡಿಯ ಮಾಮೂಲಿ 9 ವೋಲ್ಟ್ ಅಡಾಪ್ಟರ್ ತಂದು ಹಾಗೇ ಚುಚ್ಚಬೇಡಿ, ಅದರ ಧ್ರುವ ಸಾಮಾನ್ಯವಾಗಿ ಉಲ್ಟಾ ಇರುತ್ತೆ.

ಆರ್‌ಎಫ್ (ಆಂಟೆನಾ ಜಾಕಿಗೆ ಕೊಡುವ ಸಿಗ್ನಲ್) ನಮ್ಮ ಟಿವಿಗೆ ಆಗಿಬರುವುದಿಲ್ಲ. ಎವಿ ಮಾಡ್, ಅಂದರೆ ಚಿತ್ರ ಮತ್ತು ಸೌಂಡನ್ನು ಬೇರೆ ಬೇರೆ ತಂತಿಯಲ್ಲಿ ನೇರ ಹೊರತೆಗೆಯುವ ಬದಲಾವಣೆ, ಮಾಡಲೇಬೇಕು. ಚಿತ್ರ ಹುಟ್ಟಿಸುವ ಪಿಪಿಯು ಚಿಪ್ಪಿನ 21ನೇ ಕಾಲಿನಿಂದ ವಿಡಿಯೊ, ಕ್ಯಾಸೆಟ್ ಸ್ಲಾಟಿನ 46ನೇ ಪಿನ್ನಿನಿಂದ ಸೌಂಡ್, ಒಂದು ಟ್ರಾನ್ಸಿಸ್ಟರ್, ಮೂರ್ನಾಲ್ಕು ಬಿಡಿಭಾಗ. ಚಿತ್ರದಲ್ಲಿ ಜೈಲಿನ ಸರಳಿನ ಥರ ಉದ್ದುದ್ದ ಗೆರೆ ಬರುತ್ತವಲ್ಲ, ಅದನ್ನು ತಪ್ಪಿಸಲು 21ನೇ ಕಾಲನ್ನು ಬೋರ್ಡಿನಿಂದ ಎತ್ತಿ ಗಾಳಿಯಲ್ಲಿ ಬಿಡಬೇಕು. ಎತ್ತುವಾಗ ಬುಡದಲ್ಲೇ ಮುರಿಯಿತು. ಚಿಪ್ಪಿನ ಮೂಲೆಯ ಕಾಲು ಅದು. ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ಬ್ಲೇಡಿನಿಂದ ಚಿಪ್ಪಿನ ಕಪ್ಪು ಪ್ಲಾಸ್ಟಿಕ್ಕನ್ನು ತುಸುತುಸುವೇ ಕೆರೆದೆ. ಸಾಸಿವೆಗಿಂತ ಚಿಕ್ಕ ಲೋಹದ ಚುಕ್ಕಿ ಹೊಳೆಯಿತು. ಕೂದಲೆಳೆಯಂಥ ಒಂದು ತಂತಿ ತಗೊಂಡು, ಭೂತಗನ್ನಡಿ ಹಿಡಿದು, ಆ ಚುಕ್ಕಿಗೆ ಬೆಸುಗೆ ಹಾಕಿದೆ. ಮೇಲೆ ಒಂದು ಹನಿ ಅರಾಲ್ಡೈಟ್. ಇವತ್ತಿಗೂ ಗಟ್ಟಿಯಾಗಿದೆ. ಗೆರೆಗಳೂ ಮುಕ್ಕಾಲು ಪಾಲು ಹೋದವು.

ಟಿವಿಗೆ ಹಚ್ಚಿದರೆ ಚಿತ್ರ ಬಂತು, ಕಪ್ಪು ಬಿಳುಪಿನಲ್ಲಿ. ಎನ್‌ಟಿಎಸ್‌ಸಿ (ಜಪಾನಿನ ಟಿವಿ ಪದ್ಧತಿ) ಬಣ್ಣ 3.58 ಮೆಗಾಹರ್ಟ್ಸ್‌ನಲ್ಲಿ ಬರುತ್ತೆ, ನಮ್ಮ ಪಾಲ್ ಟಿವಿ ಹುಡುಕುವುದು 4.43ರಲ್ಲಿ. ಸಿಗದಿದ್ದರೆ ಬಣ್ಣವನ್ನೇ ಮುಚ್ಚಿಬಿಡುತ್ತೆ. ಗೆಳೆಯರು ಅಲ್ಲಿಗೇ ಬಿಡು ಅಂದರು. ಸಾವಿರದ ಎಂಟುನೂರಕ್ಕೆ ಹತ್ತು ಸಾವಿರ ಆಟದ ಸ್ಟಿಕ್ ಬರುತ್ತೆ, ಎಲ್‌ಇಡಿಗೆ ಚುಚ್ಚಿ ಆಡು ಅಂದರು. ನಾನು ಕೇಳಲಿಲ್ಲ. 1,400 ಕೊಟ್ಟು ಎನ್‌ಟಿಎಸ್‌ಸಿಯಿಂದ ಪಾಲ್‌ಗೆ ತಿರುಗಿಸುವ ಡಬ್ಬಿ ತರಿಸಿದೆ. ಬಣ್ಣ ಬಂತು, ಆದರೆ ಬಟನ್ ಒತ್ತಿದ ಮೇಲೆ ಮಾರಿಯೋ ಯೋಚನೆ ಮಾಡಿ ಹಾರಿದ ಹಾಗೆ. 50ಕ್ಕೆ ಇಳಿಸುವಾಗ ಫ್ರೇಮ್‌ಗಳೂ ಬಿಟ್ಟುಹೋಗುತ್ತಿದ್ದವು, ಸ್ಕ್ರೋಲ್ ಆಗುವಾಗ ಕುಂಟುತ್ತಿತ್ತು. ಹತ್ತು ನಿಮಿಷ ಆಡಿ ಬಿಚ್ಚಿಟ್ಟೆ. ದುಡ್ಡು ಹೋದದ್ದೇ.

ಹಾಗಾದರೆ ಟಿವಿಯನ್ನೇ ಬದಲಿಸಬೇಕು. ನಾಲ್ಕು ಟಿವಿ ತಂದೆ. ಮೊದಲನೆಯದು 300 ರೂಪಾಯಿ, ಎವಿ ಜಾಕ್ ಇರಲಿಲ್ಲ, ನಾನೇ ಹಾಕೋಣ ಅಂತ ಬಿಚ್ಚಿದೆ. ಪುಣ್ಯಕ್ಕೆ ಮೊದಲು ಟೆಸ್ಟರ್ ಹಚ್ಚಿ ನೋಡಿದೆ. ಗ್ರೌಂಡ್ ಇರಬೇಕಾದ ಕಡೆಯೇ ದೀಪ ಹತ್ತಿತು. ಚಾಸಿಯೇ ಲೈವ್, ಅಂದರೆ ಬೋರ್ಡಿನ ಗ್ರೌಂಡಿಗೇ ಮೇನ್ ಕರೆಂಟ್. ಅದಕ್ಕೆ ಗೇಮ್ ಜೋಡಿಸಿ ಕೈಯಲ್ಲಿ ಕಂಟ್ರೋಲರ್ ಹಿಡಿದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಎವಿ ಜಾಕ್ ಇಲ್ಲದ ಹಳೆ ಸೆಟ್ಟಿಗೆ ದಯವಿಟ್ಟು ಕೈ ಹಾಕಬೇಡಿ. ಎರಡನೆಯದರಲ್ಲಿ 8.86ರ ಕ್ರಿಸ್ಟಲ್ ಇತ್ತು, 4.43ರ ದುಪ್ಪಟ್ಟು. ಅದಕ್ಕೆ 7.16ರದ್ದು ಬೇಕು, ನಮ್ಮ ಕಡೆ ಸಿಗಲಿಲ್ಲ. ಮೂರನೆಯದರ ಟ್ಯೂಬೇ ಸತ್ತಿತ್ತು.

ನಾಲ್ಕನೆಯದು 800 ರೂಪಾಯಿ, ಮುಧೋಳದಿಂದ ಟಂಟಂನಲ್ಲಿ ತಂದದ್ದು, ಬಾಡಿಗೆ ಬೇರೆ. ಬಿಚ್ಚಿದರೆ ಒಳಗೆ ಟಿಡಿಎ8362 ಅನ್ನುವ ಟಿವಿ ಚಿಪ್. ನೋಡಿದ ಕೂಡಲೇ ಖುಷಿಯಾಯಿತು. ಈ ಚಿಪ್ಪಿಗೆ ಪಾಲ್ ಎನ್‌ಟಿಎಸ್‌ಸಿ ಎರಡೂ ಬರುತ್ತೆ. ಎರಡು ಕ್ರಿಸ್ಟಲ್ ಹಾಕಲು ಬರುತ್ತೆ. ನನ್ನ ಬೋರ್ಡಿನಲ್ಲಿ 4.43 ಇತ್ತು, ಪಕ್ಕದಲ್ಲೇ ಇನ್ನೊಂದಕ್ಕೆ ಎರಡು ತೂತು, ಖಾಲಿ. ಟಿವಿ ಮಾಡಿದವರು ಉಳಿತಾಯಕ್ಕೆ ಅದೊಂದನ್ನು ಬಿಟ್ಟಿದ್ದರು. ಅಲ್ಲಿ 3.58ರ ಕ್ರಿಸ್ಟಲ್ ಹಾಕಿದರೆ ಬಣ್ಣ ಬರಬೇಕು.

ಅದು ಎಲ್ಲಿ ಸಿಗುತ್ತೆ? ನಮ್ಮ ಅಂಗಡಿಗಳಲ್ಲಿ ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟಿಗೆ ಅಂತ 12, 11.0592 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುತ್ತವೆ. 3.58 ಅವತ್ತು ಇರಲಿಲ್ಲ. ಆಗ ಹೊಳೆಯಿತು. ಬಟನ್ ಒತ್ತುವ ಫೋನಿನಲ್ಲಿ ಟೊಂಯ್ ಟೊಂಯ್ ಅಂತ ಟೋನ್ ಹುಟ್ಟಿಸುವ ಚಿಪ್ಪಿಗೆ ಇದೇ 3.579545 ಮೆಗಾಹರ್ಟ್ಸ್ ಬೇಕು. ಟಿವಿಗೆ ಅಂತ ರಾಶಿ ರಾಶಿ ತಯಾರಾಗಿ ಅಗ್ಗವಾಗಿದ್ದಕ್ಕೇ ಫೋನಿನವರೂ ಅದನ್ನು ಬಳಸಿದ್ದು. ಅಂದರೆ ಟಿವಿಯದ್ದನ್ನು ಟಿವಿಗೇ ವಾಪಸ್ ತರುವುದು. ಪರಿಚಯದ ಮೆಕ್ಯಾನಿಕ್ ನಕ್ಕರು. "ಏನ್ ಹುಚ್ಚರಿ ನಿಮ್ದು, ಫೋನಿನ ಸಾಮಾನ ಟಿವಿಗೆ ನಡೀತೈತೇನ್ರಿ?"

ಮೊದಲು ಅವರೇ ಗೆದ್ದರು. ಗುಜರಿಯಿಂದ ತಲಾ 20 ರೂಪಾಯಿಗೆ ಆರು ಫೋನ್ ತಂದೆ. ನಾಲ್ಕರಲ್ಲಿ ಇದ್ದದ್ದು ಕ್ರಿಸ್ಟಲ್ ಅಲ್ಲ, ಸೆರಾಮಿಕ್ ರೆಸೊನೇಟರ್. ಮೇಲೆ 3.58 ಅಂತಲೇ ಬರೆದಿರುತ್ತೆ, ಆದರೆ ಕೆಲವು ಸಾವಿರ ಹರ್ಟ್ಸ್ ಆಚೀಚೆ. ಫೋನಿಗೆ ಅದು ನಡೆಯುತ್ತೆ. ಟಿವಿ ಕೆಲವೇ ನೂರು ಹರ್ಟ್ಸ್ ತಪ್ಪನ್ನು ಮಾತ್ರ ಸಹಿಸುತ್ತೆ. ಇನ್ನೆರಡು ಫೋನಿನ ಬೋರ್ಡಿಗೆ ಪೂರ್ತಿ ತುಕ್ಕು. ಕೊನೆಗೆ ನಮ್ಮ ಅತ್ತೆಯ ಮನೆಯ ಕಾಲರ್ ಐಡಿ ಡಬ್ಬಿ ಬಿಚ್ಚಿದೆ. ಒಳಗೆ ಬೆಳ್ಳಗೆ ಹೊಳೆಯುವ ಲೋಹದ ಡಬ್ಬಿ, ಮೇಲೆ ಅಚ್ಚುಕಟ್ಟಾಗಿ 3.579545.

ಹಾಕಿ ಹಚ್ಚಿದೆ. ಬಣ್ಣ ಬಂತು! ಎಂಟು ಸೆಕೆಂಡ್ ಇತ್ತು, ಹೋಯಿತು. ಮತ್ತೆ ಬಂತು, ಹೋಯಿತು. ಟಿವಿ ಕಾದ ಮೇಲೆ ಬರುವುದೇ ನಿಂತಿತು. ಸುಮಾರು ಒಂದು ತಿಂಗಳು ಇದರಲ್ಲೇ ಹೋಯಿತು. ಹುಬ್ಬಳ್ಳಿಯಿಂದ ಹೊಸ ಕ್ರಿಸ್ಟಲ್ ಹತ್ತು ತಂದೆ, ತಲಾ 12 ರೂಪಾಯಿ. ಅವುಗಳದ್ದೂ ಇದೇ ಪಾಡು. ಅಂದರೆ ತಪ್ಪು ಕ್ರಿಸ್ಟಲಿನದಲ್ಲ, ಅದರ ಜೊತೆ ಸರಣಿಯಲ್ಲಿ ಕೂರುವ ಸಣ್ಣ ಕೆಪಾಸಿಟರಿನದು. ಫೋನಿಗೆ ಮಾಡಿದ ಕ್ರಿಸ್ಟಲ್ ಬಯಸುವ ಕೆಪಾಸಿಟರ್ ಅಳತೆಯೇ ಬೇರೆ, ಟಿವಿ ಬೋರ್ಡ್ ಕೊಡುವುದೇ ಬೇರೆ. ಟ್ರಿಮ್ಮರ್ (ತಿರುಗಿಸಿ ಅಳತೆ ಬದಲಿಸುವ ಕೆಪಾಸಿಟರ್) ಹಾಕಿ, ಪ್ಲಾಸ್ಟಿಕ್ ಕಡ್ಡಿಯಿಂದ ತಿರುಗಿಸುತ್ತಾ ಕೂತೆ. ಲೋಹದ ಸ್ಕ್ರೂಡ್ರೈವರ್ ಮುಟ್ಟಿಸಿದರೇ ಬಣ್ಣ ಸರಿಯುತ್ತಿತ್ತು. ಆ ಖಾಲಿ ಜಾಗದ ಹತ್ತಿರ ಕೀಳಬೇಕಾದ ಒಂದು ರೆಸಿಸ್ಟರ್ ಕೂಡ ಇದೆ. ಯಾವುದು, ಕೊನೆಗೆ ಯಾವ ಅಳತೆಯ ಕೆಪಾಸಿಟರಿಗೆ ನಿಂತೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ತಿಂಗಳ ನಿದ್ದೆ ಕೊಟ್ಟು ಪಡೆದದ್ದು. ಡೇಟಾಶೀಟ್ ತಾಳ್ಮೆಯಿಂದ ಓದಿದವರಿಗೆ ಅರ್ಧ ಸಿಗುತ್ತೆ.

ಆಗಸ್ಟಿನ ಒಂದು ರಾತ್ರಿ, ಹೊರಗೆ ಜಿಟಿಜಿಟಿ ಮಳೆ. ಟ್ರಿಮ್ಮರ್ ಕೂದಲೆಳೆಯಷ್ಟು ತಿರುಗಿಸಿದೆ. ಬೂದಿ ಬಣ್ಣದ ಆಕಾಶ ನೀಲಿಯಾಯಿತು. ಇಟ್ಟಿಗೆ ಕೆಂಪಾದವು, ಪೊದೆ ಹಸಿರಾಯಿತು. ಕೈ ತೆಗೆದು ಸುಮ್ನೆ ಕೂತೆ. ಒಂದು ನಿಮಿಷ, ಐದು ನಿಮಿಷ, ಅರ್ಧ ಗಂಟೆ. ಬಣ್ಣ ಅಲ್ಲಾಡಲಿಲ್ಲ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಮರುದಿನ ಮೆಕ್ಯಾನಿಕ್ಕನ್ನು ಮನೆಗೆ ಕರೆದೆ. ಅವರು ಟಿವಿಯ ಹಿಂದೆ ಬಗ್ಗಿ ಎರಡು ಸಲ ನೋಡಿ, ಆ ಕ್ರಿಸ್ಟಲ್ ಮೇಲೆ ಬೆರಳಿಟ್ಟು, "ಭಾರಿ ಆತು ಬಿಡ್ರಿ" ಅಂದರು. ಚಹಾ ಕುಡಿದು ಒಂದು ತಾಸು ಆಡಿಯೇ ಹೋದರು.

60ರ ಚಿತ್ರ ಎತ್ತರದಲ್ಲಿ ಸ್ವಲ್ಪ ಕುಗ್ಗಿತ್ತು, ಹೈಟ್ ಪ್ರಿಸೆಟ್ ತಿರುಗಿಸಿ ಸರಿಮಾಡಿಕೊಂಡೆ. ಅಷ್ಟೇ.

ಆಡಲು ಕೂತಾಗ ನನ್ನ ಕೈ ತಪ್ಪತೊಡಗಿತು. ಮಾರಿಯೋದ ಎಂಟನೇ ವರ್ಲ್ಡಿನ ದೊಡ್ಡ ಹೊಂಡಗಳನ್ನು ಮೊದಲು ಕಣ್ಣು ಮುಚ್ಚಿ ಹಾರುತ್ತಿದ್ದೆ. ಈಗ ಬೆರಳು ಏಳುವುದರೊಳಗೆ ಅಂಚು ದಾಟಿರುತ್ತೆ. ಇಪ್ಪತ್ತೈದು ವರ್ಷ ಬೆರಳಲ್ಲಿ ಕೂತಿದ್ದ ಲೆಕ್ಕ 50ರದು. ಹೊಸ ಲೆಕ್ಕ ಹಿಡಿಯಲು ಮೂರು ವಾರ ಬೇಕಾಯಿತು. ಆದರೆ ಈ ವೇಗದಲ್ಲಿ ಅದು ಬೇರೆಯೇ ಆಟ, ಚುರುಕು, ಹಗುರ. ಕಾಂಟ್ರಾ ಅಂತೂ ಕೇಳಬೇಡಿ. 1988ರ ಜಪಾನಿ ಕಾಂಟ್ರಾ ಕ್ಯಾಸೆಟ್‌ನಲ್ಲಿ ಆಟ ಮಾಡಿದ ಕೊನಾಮಿ ಕಂಪನಿಯವರದ್ದೇ ಒಂದು ವಿಶೇಷ ಚಿಪ್ ಇದೆ. ಮೊದಲ ಹಂತದ ಕಾಡಿನಲ್ಲಿ ಎಲೆಗಳು ಅಲ್ಲಾಡುತ್ತವೆ, ಹಿಮದ ಹಂತದಲ್ಲಿ ಹಿಮ ಬೀಳುತ್ತೆ, ಹಂತಗಳ ನಡುವೆ ನಕ್ಷೆ ತೋರಿಸುತ್ತೆ. ನಾವು ಅಂಗಡಿಯಲ್ಲಿ ಆಡಿದ ಕಾಂಟ್ರಾದಲ್ಲಿ ಎಲೆ ಅಲ್ಲಾಡಿದ್ದನ್ನು ನೋಡಿದ ನೆನಪೇ ಇಲ್ಲ. ಆ ಒಂದು ಕ್ಯಾಸೆಟ್ಟಿಗೇ ಮೂರೂವರೆ ಸಾವಿರ ಕೊಟ್ಟೆ. ಒಂದು ರೂಪಾಯಿಯೂ ಜಾಸ್ತಿ ಅನ್ನಿಸಿಲ್ಲ.

ಬಣ್ಣ ಬಂದ ಮೇಲೂ ಕೈ ಸುಮ್ಮನಿರಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತೆ, ಯಂತ್ರದೊಳಗಿನ 7805 ರೆಗ್ಯುಲೇಟರ್ (5 ವೋಲ್ಟಿಗೆ ಇಳಿಸುವ ಭಾಗ) ಮುಟ್ಟಲು ಆಗದಷ್ಟು ಕಾಯುತ್ತೆ. ಅದನ್ನು ತೆಗೆದು ಅದೇ ಕೆಲಸ ಮಾಡುವ 60 ರೂಪಾಯಿಯ ಬಕ್ ಕನ್ವರ್ಟರ್ ಹಾಕಿದೆ. ತಣ್ಣಗಾಯಿತು, ಆದರೆ ಚಿತ್ರದ ತುಂಬಾ ಸಣ್ಣ ಅಲೆ. ಮತ್ತೆ 7805ನ್ನೇ ಹಾಕಿ, ಅಲ್ಯೂಮಿನಿಯಂ ತಗಡಿನ ದೊಡ್ಡ ಹೀಟ್‌ಸಿಂಕ್ ಕೂರಿಸಿದೆ. ಕರೆಂಟ್ ಹೋದಾಗ ಹಳೆ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಆಡಿ ನೋಡಿದೆ. ಟಿವಿ ಗುಂಯ್‌ಗುಟ್ಟುತ್ತೆ, ಅಡ್ಡ ಪಟ್ಟಿ ಮೇಲಕ್ಕೆ ಹರಿಯುತ್ತೆ. ಬೇಡ. ಒಮ್ಮೆ ಸ್ಪೀಕರ್ ಪಕ್ಕಕ್ಕಿಟ್ಟು ಟಿವಿಯ ಮೂಲೆ ನೇರಳೆಯಾಯಿತು. ಸ್ಪೀಕರ್ ಸರಿಸಿ, ಟಿವಿಯನ್ನು ಅರ್ಧ ಗಂಟೆಗೊಮ್ಮೆ ಆಫ್ ಮಾಡಿ ಆನ್ ಮಾಡಿದೆ, ನಾಲ್ಕನೇ ಸಲಕ್ಕೆ ಆ ನೇರಳೆ ಕಲೆ ಹೋಯಿತು.

ಖರ್ಚು ಅಂದಾಜು ಹೇಳುತ್ತೇನೆ. ಯಂತ್ರ, ಕೊರಿಯರ್ ಸೇರಿ ಏಳು ಸಾವಿರ. ನಾಲ್ಕು ಟಿವಿ, ಬಾಡಿಗೆ ಸೇರಿ ಎರಡೂವರೆ. ವ್ಯರ್ಥವಾದ ಡಬ್ಬಿ 1,400. ಫೋನು, ಕ್ರಿಸ್ಟಲ್, ಕೆಪಾಸಿಟರ್, ಬಸ್ ಚಾರ್ಜ್ ಎಲ್ಲ ಸೇರಿ ಇನ್ನೊಂದು ಸಾವಿರ. ಕ್ಯಾಸೆಟ್ ಬಿಟ್ಟು ಹನ್ನೆರಡು ಸಾವಿರದ ಆಸುಪಾಸು. ದಾರಿ ಗೊತ್ತಿದ್ದವರಿಗೆ ಟಿವಿಯ ಕೆಲಸ ಸಾವಿರ ರೂಪಾಯಿಯೊಳಗೆ ಮುಗಿಯುತ್ತೆ.

ಈಗ ಕೆಲಸ ನಡೆದಿರುವುದು ಡಕ್ ಹಂಟ್ ಅನ್ನುವ ಬಾತುಕೋಳಿ ಬೇಟೆಯ ಆಟದ ಗನ್ನಿನದು. ಟ್ಯೂಬ್ ಟಿವಿ ಇದ್ದ ಮೇಲೆ ಗನ್ ಬಿಡಲು ಆಗುತ್ತಾ? ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಫ್ರೇಮ್ ಕಪ್ಪಾಗಿ, ಆಮೇಲೆ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಬರುತ್ತೆ. ಗನ್ ಮೊದಲು ಕತ್ತಲೆ, ಆಮೇಲೆ ಬೆಳಕು ನೋಡಬೇಕು. ಹಾಗಾಗಿ ಬಲ್ಬಿಗೆ ಗುರಿಯಿಟ್ಟು ಮೋಸ ಮಾಡಲು ಬರುವುದಿಲ್ಲ, ಎಲ್‌ಇಡಿ ಟಿವಿಯಲ್ಲಿ ಚಿತ್ರ ತಡವಾಗಿ ಬರುವುದರಿಂದ ಅಲ್ಲಿಯೂ ಅದು ನಡೆಯುವುದಿಲ್ಲ. ನನ್ನ ಹತ್ತಿರ ಇರುವುದು ಕ್ಲೋನಿನ 9 ಪಿನ್ ಗನ್, ಫ್ಯಾಮಿಕಾಮಿಗೆ ಬೇಕಾದ್ದು 15 ಪಿನ್. ನಡುವೆ ಒಂದು ಕೊಂಡಿ ಮಾಡಿದ್ದೇನೆ, ಗುಂಡು ತಾಗುತ್ತಿದೆ. ಟ್ರಿಗರ್ ಸ್ಪ್ರಿಂಗ್ ಮಾತ್ರ ಹೋಗಿದೆ. ಬಾಲ್ ಪೆನ್ನಿನ ಸ್ಪ್ರಿಂಗ್ ಹಾಕಿದೆ, ಎರಡು ದಿನಕ್ಕೆ ಮಲಗಿತು. ಹಳೆ ಟೇಪ್ ರೆಕಾರ್ಡರಿನ ಪ್ಲೇ ಬಟನ್ನಿನ ಸ್ಪ್ರಿಂಗ್ ಸ್ವಲ್ಪ ಬಿಗಿ, ಆದರೆ ನಿಂತಿದೆ. ಈ ಭಾನುವಾರ ಅಕ್ಕನ ಮಗಳು ಅದರಲ್ಲೇ ಹದಿಮೂರನೇ ರೌಂಡ್ ಮುಟ್ಟಿದಳು. ನಾನು ಇನ್ನೂ ಹನ್ನೊಂದರಲ್ಲಿದ್ದೇನೆ.