ಎಷ್ಟು ವರ್ಷ ಅಂತ ಮೊದಲು ಕೇಳಿ

2021ರ ಜೂನ್ 26, ಶನಿವಾರ. ಬೆಳಿಗ್ಗೆ ಏಳಕ್ಕೇ ಸಂಪಾದಕರ ಫೋನು. 'ಅಮೆರಿಕಾದಲ್ಲಿ ಜಾರ್ಜ್ ಫ್ಲಾಯ್ಡ್‌ನನ್ನ ಕೊಂದ ಆ ಪೊಲೀಸ್‌ಗೆ ರಾತ್ರಿ ಶಿಕ್ಷೆ ಆಗಿದೆಯಂತೆ. ನಮ್ಮ ತುಮಕೂರಿನ ಜನ ಏನಂತಾರೆ, ಅರ್ಧ ಪುಟ ಕೊಡಪ್ಪ.'

ಊರಲ್ಲಿ ವೀಕೆಂಡ್ ಕರ್ಫ್ಯೂ. ಹೊರಗೆ ಕಾಲಿಡೋ ಹಾಗಿರಲಿಲ್ಲ. ಮನೆಯಲ್ಲೇ ಕೂತು ಹತ್ತು ಜನರಿಗೆ ಫೋನ್ ಮಾಡಿದೆ. ಮೇಷ್ಟ್ರು, ಸಂಘದ ಅಧ್ಯಕ್ಷರು, ಅವರು ಇವರು. 'ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕು, ಕಾನೂನಿನ ಮುಂದೆ ಎಲ್ಲರೂ ಒಂದೇ.' ಹತ್ತೂ ಜನ ಇದನ್ನೇ ಹೇಳಿದರು. ಹೆಸರು ಅದಲು ಬದಲು ಮಾಡಿ ಹಾಕಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಪ್ಪು ಅವರದ್ದಲ್ಲ, ನನ್ನ ಪ್ರಶ್ನೆಯದ್ದು. 'ಈ ತೀರ್ಪಿನ ಬಗ್ಗೆ ನಿಮ್ಮ ಅಭಿಪ್ರಾಯ?' ಅಂತ ಕೇಳಿದರೆ ಯಾರಾದರೂ ಭಾಷಣವನ್ನೇ ಮಾಡುತ್ತಾರೆ ಅಲ್ವಾ?

ಸಂಪಾದಕರಿಗೆ ಎರಡು ದಿನ ಟೈಮ್ ಕೇಳಿದೆ. ಗೊಣಗಿಕೊಂಡೇ ಒಪ್ಪಿದರು.

ಸೋಮವಾರ ಪ್ರಶ್ನೆ ಬದಲಾಯಿಸಿಕೊಂಡು ಹೊರಟೆ. ಶಿಕ್ಷೆ ಎಷ್ಟು ಅಂತ ನಾನಾಗಿ ಹೇಳಲೇ ಇಲ್ಲ. ಮೊದಲು ಕಥೆ ಹೇಳುತ್ತಿದ್ದೆ. 2020ರ ಮೇ 25, ಮಿನಿಯಾಪೊಲಿಸ್ ಅನ್ನೋ ಊರು. ಇಪ್ಪತ್ತು ಡಾಲರ್‌ನ ಖೋಟಾ ನೋಟು ಕೊಟ್ಟ ಅಂತ ಜಾರ್ಜ್ ಫ್ಲಾಯ್ಡ್ ಮೇಲೆ ದೂರು. ಡೆರೆಕ್ ಚೌವಿನ್ ಅನ್ನೋ ಪೊಲೀಸ್ ಅವನ ಕುತ್ತಿಗೆ ಮೇಲೆ 9 ನಿಮಿಷ 29 ಸೆಕೆಂಡ್ ಮಂಡಿ ಊರಿದ್ದ. ಹದಿನೇಳು ವರ್ಷದ ಒಬ್ಬ ಹುಡುಗಿ ಮೊಬೈಲಲ್ಲಿ ವಿಡಿಯೋ ಮಾಡಿದಳು. ಕಥೆ ಮುಗಿದ ಮೇಲೆ ಒಂದೇ ಪ್ರಶ್ನೆ: ನೀವು ಜಡ್ಜ್ ಆಗಿದ್ದರೆ ಎಷ್ಟು ವರ್ಷ ಹಾಕ್ತಿದ್ರಿ?

ಬಿ.ಎಚ್. ರಸ್ತೆಯಲ್ಲಿ ಚೇಳೂರು ಹಲಸು ಮಾರುತ್ತಿದ್ದವನು ಮಚ್ಚಿಗೆ ಎಣ್ಣೆ ಸವರುತ್ತಾ 'ಗಲ್ಲು' ಅಂದ. ಆ ರಾಜ್ಯದಲ್ಲಿ 1911ರಲ್ಲೇ ಗಲ್ಲು ತೆಗೆದುಹಾಕಿದ್ದಾರೆ ಅಂದೆ. ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದ. 'ಹಾಗಾದ್ರೆ ಸಾಯೋತನಕ ಒಳಗೇ ಇರ್ಲಿ ಬಿಡಿ.'

ಆಟೋದವನದು ಬೇರೆ ಲೆಕ್ಕ. 'ಹದಿನಾಲ್ಕು. ಜೀವಾವಧಿ ಅಂದ್ರೆ ಹದಿನಾಲ್ಕೇ ತಾನೇ?' ಅಲ್ಲ. ಜೀವಾವಧಿ ಅಂದರೆ ಜೀವ ಇರುವವರೆಗೂ. ಕೊಲೆಯಂಥ ಕೇಸಲ್ಲಿ ಹದಿನಾಲ್ಕು ವರ್ಷ ಕಳೆಯದೆ ಸರ್ಕಾರ ಶಿಕ್ಷೆ ಮಾಫಿ ಮಾಡಿ ಹೊರಗೆ ಬಿಡುವಂತಿಲ್ಲ, ಅಷ್ಟೇ. ಈ ತಪ್ಪು ಲೆಕ್ಕ ನಮ್ಮೂರಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಅವತ್ತು ನಾಲ್ಕು ಜನರಿಗೆ ಬಿಡಿಸಿ ಹೇಳಿದೆ, ಒಬ್ಬರೂ ನಂಬಲಿಲ್ಲ. ಆಮೇಲೆ ಚೌವಿನ್‌ಗೆ ಇಪ್ಪತ್ತೆರಡೂವರೆ ವರ್ಷ ಬಿತ್ತು ಅಂದೆ. 'ಅಯ್ಯೋ, ಜಾಸ್ತೀನೇ ಆಯ್ತು!' ಸರಿಯಾಗಿ ನಡೆದುಕೊಂಡರೆ ಅದರಲ್ಲಿ ಸುಮಾರು ಹದಿನೈದು ವರ್ಷ ಮಾತ್ರ ಒಳಗೆ, ಉಳಿದದ್ದು ಹೊರಗೆ ನಿಗಾದಲ್ಲಿ ಅಂದೆ. ಅವನ ಮುಖ ಅರಳಿತು. 'ನೋಡಿ, ನಮ್ಮ ಲೆಕ್ಕಾನೇ!'

ಕೋರ್ಟ್ ಹತ್ತಿರ ಸಿಕ್ಕ ವಕೀಲರೊಬ್ಬರಿಗೆ ವರ್ಷಕ್ಕಿಂತ ಸೆಕ್ಷನ್ ಮೇಲೇ ಆಸಕ್ತಿ. ಅಲ್ಲಿ ಸರ್ಕಾರದ ಕಡೆಯವರು ಮೂವತ್ತು ವರ್ಷ ಕೇಳಿದ್ದರು. ಆರೋಪಿ ಕಡೆಯವರು ಜೈಲೇ ಬೇಡ ಅಂದಿದ್ದರು. ಅಲ್ಲಿನ ಮಾರ್ಗಸೂಚಿ ಪ್ರಕಾರ ಸಾಮಾನ್ಯವಾಗಿ ಹನ್ನೆರಡೂವರೆ. ಜಡ್ಜ್ ಪೀಟರ್ ಕೇಹಿಲ್ ಅದರ ಮೇಲೆ ಹತ್ತು ವರ್ಷ ಸೇರಿಸಿದ್ದರು. 'ನಮ್ಮಲ್ಲಾಗಿದ್ರೆ 302 ನಿಲ್ಲುತ್ತಾ, 304ಕ್ಕೆ ಇಳಿಯುತ್ತಾ ಅಂತಲೇ ಅರ್ಧ ವಾದ ನಡೀತಿತ್ತು' ಅಂತ ನಕ್ಕರು. ಆಗಿನ ನಮ್ಮ ಕಾನೂನಲ್ಲಿ 302 ಅಂದರೆ ಕೊಲೆ, 304 ಅಂದರೆ ಕೊಲೆ ಅನ್ನಿಸಿಕೊಳ್ಳದ ನರಹತ್ಯೆ. ಉದ್ದ ಮಾತಾಡಿದರು, ಪೇಪರಿಗೆ ಬರೆಯುವಂಥದ್ದು ಕಡಿಮೆ.

ಚಿಕ್ಕಪೇಟೆಯಲ್ಲಿ ಹೂ ಮಾರುವ ಅಮ್ಮ ವರ್ಷ ಹೇಳಲೇ ಇಲ್ಲ. 'ಆ ಪೊಲೀಸಪ್ಪಂಗೆ ತಾಯಿ ಅವ್ಳಾ?' ಅಂತ ಕೇಳಿದರು. ಇದ್ದಾಳೆ, ಕೋರ್ಟಲ್ಲಿ ನಿಂತು ನನ್ನ ಮಗ ಒಳ್ಳೆಯವನು ಅಂದಳು ಅಂದೆ. 'ಸತ್ತವನ ತಾಯಿ?' ಆಕೆ ಮೊದಲೇ ತೀರಿಕೊಂಡಿದ್ದರು. ನೆಲದ ಮೇಲೆ ಬಿದ್ದಾಗ ಅವನು ಕೂಗಿದ್ದು ಅವಳನ್ನೇ ಅಂದೆ. ಆ ಅಮ್ಮ ಮೊಳ ಹಾಕುವುದನ್ನು ಮುಂದುವರಿಸಿದರು. ನಾನೂ ಇನ್ನೇನೂ ಕೇಳಲಿಲ್ಲ. ಸುಮ್ಮನಿರೋದೂ ಉತ್ತರವೇ ಅಂತ ನನಗೆ ಹೊಳೆದದ್ದು ಅವತ್ತು. ಆದರೆ ಅದನ್ನು ಪೇಪರಲ್ಲಿ ಹೇಗೆ ಹಾಕೋದು?

ಐದಕ್ಕೆ ಐದು ನಿಮಿಷ ಇರುವಾಗ ಒಂದು ಮೊಬೈಲ್ ಅಂಗಡಿಗೆ ಹೋದೆ. ಆಗ ಐದಕ್ಕೆಲ್ಲ ಬಾಗಿಲು ಹಾಕಬೇಕಿತ್ತು. ಹುಡುಗ ಶಟರ್ ಅರ್ಧ ಇಳಿಸಿಕೊಂಡೇ ಮಾತಾಡಿದ. 'ಅಮೆರಿಕಾದ್ದು ಬಿಡಿ ಸಾರ್, ಸಾತಾನ್‌ಕುಳಂ ನೆನಪಿದೆಯಾ?' 2020ರ ಜೂನ್‌ನಲ್ಲಿ ತಮಿಳುನಾಡಿನ ಆ ಊರಲ್ಲಿ ಜಯರಾಜ್ ಮತ್ತು ಅವರ ಮಗ ಬೆನಿಕ್ಸ್ ಪೊಲೀಸ್ ಏಟಿಗೆ ಜೀವ ಬಿಟ್ಟಿದ್ದರು. ಲಾಕ್‌ಡೌನ್ ಹೊತ್ತು ಮೀರಿ ಅಂಗಡಿ ತೆಗೆದಿದ್ದರು ಅನ್ನೋದೇ ಅವರ ಮೇಲಿದ್ದ ದೂರು. ಅವರದ್ದೂ ಮೊಬೈಲ್ ಅಂಗಡಿಯೇ. ಹುಡುಗ ಗಡಿಯಾರ ನೋಡಿ ಶಟರ್ ಪೂರ್ತಿ ಎಳೆದ.

ಕೊನೆಗೆ ಕ್ಯಾತಸಂದ್ರದ ಒಬ್ಬ ನಿವೃತ್ತ ಹೆಡ್ ಕಾನ್ಸ್‌ಟೇಬಲ್ ಮನೆಗೆ ಹೋದೆ. ಹೆಸರು ಹಾಕಬಾರದು ಅಂತ ಮೊದಲೇ ಮಾತು ತೆಗೆದುಕೊಂಡರು. ಅವರ ಇಲಾಖೆ, ಆ ಕಡೆಯೇ ಮಾತಾಡುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು: 'ಪಕ್ಕದಲ್ಲಿ ಇನ್ನೆಷ್ಟು ಜನ ಇದ್ರು?' ಮೂವರು ಅಂದೆ. ಅವರಲ್ಲಿ ಒಬ್ಬ ಹೊಸಬ, ಪಕ್ಕಕ್ಕೆ ಹೊರಳಿಸೋಣವಾ ಅಂತ ಎರಡು ಸಲ ಕೇಳಿದ್ದ. 'ಎರಡು ಸಲ ಕೇಳಿ ಸುಮ್ನಾದ. ಅದೇ ನೋಡಿ. ಸೀನಿಯರ್ ಕೈ ಹಿಡಿಯೋದು ಯಾವ ಟ್ರೈನಿಂಗಲ್ಲೂ ಹೇಳಿಕೊಡಲ್ಲ. ನಾನೂ ಸುಮ್ನೆ ನಿಂತಿದೀನಿ.' ಎಲ್ಲಿ, ಯಾವಾಗ ಅಂತ ಅವರು ಹೇಳಲಿಲ್ಲ. ಅಲ್ಲಿನ ಪೊಲೀಸ್ ಮುಖ್ಯಸ್ಥನೇ ಕೋರ್ಟಿಗೆ ಬಂದು ಚೌವಿನ್ ವಿರುದ್ಧ ಸಾಕ್ಷಿ ಹೇಳಿದ ಅಂದಾಗ ಮಾತ್ರ ಕುರ್ಚಿಯಿಂದ ಎದ್ದರು. 'ಎಸ್‌ಪಿ ಬಂದು ಸಾಕ್ಷಿ ಹೇಳಿದಂಗಾಯ್ತಲ್ರೀ!' ಎಷ್ಟು ವರ್ಷ ಅಂತ ಒತ್ತಾಯ ಮಾಡಿದೆ. 'ಅವನಿಗೆ ಇಪ್ಪತ್ತೆರಡು ಸಾಕು. ನಿಂತು ನೋಡಿದೋರಿಗೆ ಎಷ್ಟು?'

ರಾತ್ರಿ ಬರೆದು ಕಳಿಸಿದೆ. ಬೆಳಿಗ್ಗೆ ನೋಡಿದರೆ ಅರ್ಧ ಪುಟ ಎರಡು ಕಾಲಂ ಆಗಿತ್ತು. ತಲೆಬರಹ: 'ತೀರ್ಪಿಗೆ ನಗರದ ಜನರ ಮೆಚ್ಚುಗೆ'. ಶನಿವಾರ ಫೋನಲ್ಲಿ ಮಾತಾಡಿದ್ದ ಸಂಘದ ಅಧ್ಯಕ್ಷರು ಫೋಟೋ ಸಮೇತ ಇದ್ದರು. ಹಲಸಿನವನ ಗಲ್ಲು ಉಳಿದಿತ್ತು, ಹೂವಮ್ಮ ಇರಲಿಲ್ಲ.

ಹತ್ತು ಗಂಟೆಗೆ ಕ್ಯಾತಸಂದ್ರದಿಂದ ಫೋನ್ ಬಂತು. 'ಹೆಸರು ಹಾಕಬೇಡಿ ಅಂದಿದ್ದೆ ಕಣ್ರೀ, ಮಾತೇ ತೆಗೀರಿ ಅಂದಿದ್ನಾ?'