ರಷ್ಯಾ ಮತ್ತು ಅದರ ನೆರೆನಾಡುಗಳನ್ನು ನಕ್ಷೆಯಿಂದ ಓದುವ ಬಗೆ

ರಷ್ಯಾದ ಚರಿತ್ರೆಯನ್ನು ಸ್ವಂತವಾಗಿ ಓದಿಕೊಳ್ಳಲು ಹೊರಟವರು ಸಾಮಾನ್ಯವಾಗಿ ದೊರೆಗಳ ಪಟ್ಟಿಯಿಂದ ತೊಡಗುತ್ತಾರೆ. ಆರು ಮಂದಿ ಇವಾನರು, ಮೂವರು ಅಲೆಕ್ಸಾಂಡರರು, ಇಬ್ಬರು ಕ್ಯಾಥರೀನರು ಬಂದುಹೋಗುವಷ್ಟರಲ್ಲಿ ಯಾರು ಯಾವ ಊರಿನಲ್ಲಿ ಕುಳಿತು ಯಾವ ನೆಲವನ್ನು ಆಳಿದರೆಂಬುದೇ ಕಲಸಿಹೋಗುತ್ತದೆ. ನಾನೂ ಮೊದಲು ಹಾಗೆಯೇ ಓದಿ, ಎರಡು ಬಾರಿ ಅರ್ಧಕ್ಕೇ ಕೈಬಿಟ್ಟೆ. ಮೂರನೆಯ ಬಾರಿ ನದಿಗಳಿಂದ ಆರಂಭಿಸಿದಾಗ ಮಾತ್ರ ವಿಷಯ ಹಿಡಿತಕ್ಕೆ ಬಂದಿತು. ಆ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ. ಬೇಕಾಗುವುದು ಇಷ್ಟೇ: ರಾಜಕೀಯ ಗಡಿಗಳಿಲ್ಲದ ಒಂದು ಪ್ರಾಕೃತಿಕ ನಕ್ಷೆ, ಅದರ ಮೇಲೆ ಹಾಸಿ ಬರೆಯಲು ಕೆಲವು ತೆಳುವಾದ ಹಾಳೆಗಳು, ಮತ್ತು ಎರಡು ಮೂರು ಬಣ್ಣದ ಪೆನ್ಸಿಲ್‌ಗಳು.

ಮೊದಲ ಹಾಳೆಯಲ್ಲಿ ಮಾಸ್ಕೋ ಮತ್ತು ಸೇಂಟ್ ಪೀಟರ್ಸ್‌ಬರ್ಗ್ ನಡುವಿನ ವಾಲ್ಡಾಯ್ ದಿಣ್ಣೆಗಳನ್ನು ಗುರುತಿಸಿಕೊಳ್ಳಬೇಕು. ಬೆಟ್ಟವೆನ್ನಲು ಸಾಲದಷ್ಟು ತಗ್ಗಾದ ಈ ನೆಲದಲ್ಲಿ ಮತ್ತು ಅದರ ದಕ್ಷಿಣದ ಅಂಚಿನಲ್ಲಿ ಮೂರು ದೊಡ್ಡ ನದಿಗಳು ಹುಟ್ಟುತ್ತವೆ. ಸುಮಾರು 3,530 ಕಿಲೋಮೀಟರ್ ಹರಿಯುವ ವೋಲ್ಗಾ ಕ್ಯಾಸ್ಪಿಯನ್ ಸಮುದ್ರವನ್ನು ಸೇರುತ್ತದೆ. ದ್ನೀಪರ್ ಇಂದಿನ ಬೆಲಾರುಸ್ ಮತ್ತು ಉಕ್ರೇನ್‌ಗಳನ್ನು ಹಾದು ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಪಶ್ಚಿಮ ದ್ವಿನಾ ಲಾಟ್ವಿಯಾದಲ್ಲಿ ದೌಗಾವ ಎಂಬ ಹೆಸರು ಪಡೆದು ಬಾಲ್ಟಿಕ್ ಸೇರುತ್ತದೆ. ಒಂದು ನದಿಯ ಮೇಲ್ಭಾಗದಿಂದ ಇನ್ನೊಂದರ ಮೇಲ್ಭಾಗಕ್ಕೆ ದೂರ ಬಹಳವಿಲ್ಲದ ಕಾರಣ ವ್ಯಾಪಾರಿಗಳು ದೋಣಿಗಳನ್ನು ನೆಲದ ಮೇಲೆ ಎಳೆದುಕೊಂಡು ದಾಟಿಸುತ್ತಿದ್ದರು. ಹೀಗೆ ಎಳೆಯುವ ಜಾಗಕ್ಕೆ ರಷ್ಯನ್ನರು ‘ವೋಲೊಕ್’ ಎನ್ನುತ್ತಾರೆ. ವೊಲೊಕೊಲಾಮ್ಸ್ಕ್ ಎಂಬ ಊರಿನ ಹೆಸರಿನಲ್ಲಿ ಆ ಪದ ಇಂದಿಗೂ ಉಳಿದಿದೆ. ಈ ಒಂದು ಸಂಗತಿ ಮನಸ್ಸಿನಲ್ಲಿ ನಿಂತರೆ, ಉತ್ತರದ ನೊವ್ಗೊರೊದ್ ಮತ್ತು ದಕ್ಷಿಣದ ಕೀವ್ ಏಕೆ ಒಂದೇ ಸರದ ಎರಡು ಮಣಿಗಳಂತೆ ಬೆಳೆದವೆಂಬುದು ತಾನಾಗಿ ಹೊಳೆಯುತ್ತದೆ.

ಅದೇ ಹಾಳೆಯಲ್ಲಿ ಉರಲ್ ಪರ್ವತಗಳ ಪೂರ್ವಕ್ಕೆ ಓಬ್, ಯೆನಿಸೆಯ್ ಮತ್ತು ಲೇನಾ ನದಿಗಳನ್ನೂ ಬರೆಯಬೇಕು. ಇವು ಮೂರೂ ಉತ್ತರಕ್ಕೆ ಹರಿದು ಹೆಪ್ಪುಗಟ್ಟುವ ಆರ್ಕ್ಟಿಕ್ ಸಾಗರವನ್ನು ಸೇರುತ್ತವೆ. ವಸಂತದಲ್ಲಿ ದಕ್ಷಿಣದ ಮೇಲ್ಭಾಗ ಮೊದಲು ಕರಗಿ, ಉತ್ತರದ ಮುಖಭಾಗ ಇನ್ನೂ ಮಂಜುಗಡ್ಡೆಯಾಗಿಯೇ ಇರುವುದರಿಂದ ನೀರು ಮುಂದೆ ಸಾಗದೆ ಸುತ್ತಲಿನ ಬಯಲಿಗೆ ನುಗ್ಗುತ್ತದೆ. ಸೈಬೀರಿಯದ ಬೃಹತ್ ನದಿಗಳು ದೇಶದ ಉದ್ದಕ್ಕೂ ಪೂರ್ವ–ಪಶ್ಚಿಮ ಸಾಗಾಣಿಕೆಗೆ ಒದಗದೆ, ಕೊನೆಗೆ ರೈಲನ್ನೇ ನಂಬಬೇಕಾಗಿ ಬಂದುದರ ಬೇರು ಇಲ್ಲಿದೆ.

ಎರಡನೆಯ ಹಾಳೆ ಸಸ್ಯವರ್ಗದ್ದು. ಉತ್ತರದಿಂದ ದಕ್ಷಿಣಕ್ಕೆ ಟುಂಡ್ರಾ, ಟೈಗಾ ಕಾಡು, ಮಿಶ್ರ ಕಾಡು, ಹುಲ್ಲುಗಾವಲು ಎಂದು ನಾಲ್ಕು ಪಟ್ಟಿಗಳನ್ನು ಬಣ್ಣ ಮಾಡಿದರೆ ಸಾಕು. ಆದರೆ ಕಾಡು ಮುಗಿದು ಹುಲ್ಲುಗಾವಲು ಆರಂಭವಾಗುವ ಗೆರೆಯನ್ನು ಮಾತ್ರ ದಪ್ಪವಾಗಿ ಎಳೆಯಬೇಕು. ಸ್ಟೆಪ್ ಎಂದು ಕರೆಯುವ ಈ ಹುಲ್ಲುಗಾವಲಿನಲ್ಲಿ ಕುದುರೆಯೇರಿದ ಅಲೆಮಾರಿಗಳಿಗೆ ಅಡ್ಡಿಯೆಂಬುದೇ ಇರಲಿಲ್ಲ. ಅದರ ನೆಲವೋ ಜಗತ್ತಿನ ಅತ್ಯಂತ ಫಲವತ್ತಾದ ಕರಿಮಣ್ಣುಗಳಲ್ಲಿ ಒಂದಾದ ‘ಚೆರ್ನೊಜ್ಯೋಮ್’. ಕಾಡಿನ ಬಡ ಮಣ್ಣಿನಲ್ಲಿ ಉಳುಮೆ ಮಾಡುತ್ತಿದ್ದ ರೈತನಿಗೆ ಒಳ್ಳೆಯ ನೆಲವೂ ದೊಡ್ಡ ಅಪಾಯವೂ ಒಂದೇ ದಿಕ್ಕಿನಲ್ಲಿದ್ದವು ಎಂಬುದನ್ನು ಗಮನಿಸಿದರೆ, ಮುಂದಿನ ಐದಾರು ಶತಮಾನಗಳ ಸಂಘರ್ಷಕ್ಕೆ ಬೇರೆ ಪೀಠಿಕೆ ಬೇಕಾಗುವುದಿಲ್ಲ.

ಇಸವಿಗಳನ್ನು ತೆಗೆದುಕೊಳ್ಳಬೇಕಾದುದು ಈಗ. ಪ್ರತಿಯೊಂದನ್ನೂ ಹಾಳೆಯ ಮೇಲೆ ಒಂದು ಜಾಗದಲ್ಲಿ ಇಟ್ಟು ನೋಡುವ ಅಭ್ಯಾಸವಾಗಬೇಕು. 988ರಲ್ಲಿ ಕೀವಿನ ವ್ಲಾದಿಮಿರ್ ಕ್ರೈಸ್ತಮತವನ್ನು ಸ್ವೀಕರಿಸಿದ್ದು ರೋಮ್‌ನಿಂದಲ್ಲ, ಕಾನ್‌ಸ್ಟಾಂಟಿನೋಪಲ್‌ನಿಂದ. ಏಕೆಂದರೆ ತುಪ್ಪಳ, ಜೇನು ಮತ್ತು ಮೇಣ ಹೊತ್ತ ದೋಣಿಗಳು ದ್ನೀಪರ್‌ನಲ್ಲಿ ಹೋಗುತ್ತಿದ್ದುದು ಆ ಪಟ್ಟಣಕ್ಕೇ. 1237ರಿಂದ 1240ರವರೆಗಿನ ಮಂಗೋಲ್ ದಾಳಿಯಲ್ಲಿ ಕೀವ್ ನಾಶವಾದ ಬಳಿಕ ಕೇಂದ್ರವು ಕಾಡಿನೊಳಗೆ, ವೋಲ್ಗಾದ ಮೇಲ್ಭಾಗದ ಕಡೆಗೆ ಸರಿಯಿತು. 1147ರಲ್ಲಿ ಮೊದಲ ಬಾರಿಗೆ ದಾಖಲೆಯಲ್ಲಿ ಕಾಣುವ ಮಾಸ್ಕೋ ಮಂಗೋಲರ ಪರವಾಗಿ ಕಪ್ಪ ವಸೂಲು ಮಾಡುತ್ತಲೇ ಬಲಿತು, 1480ರ ವೇಳೆಗೆ ಆ ಕಪ್ಪವನ್ನೇ ನಿಲ್ಲಿಸಿತು. ವೋಲ್ಗಾ ದಡದಲ್ಲಿದ್ದ ತಾತಾರ ಖಾನರ ಪಟ್ಟಣಗಳಾದ ಕಜಾನ್ 1552ರಲ್ಲಿ, ಅಸ್ತ್ರಾಖಾನ್ 1556ರಲ್ಲಿ ಮಾಸ್ಕೋದ ಕೈವಶವಾದಾಗ ವೋಲ್ಗಾ ಉದ್ದಕ್ಕೂ ಒಂದೇ ಆಡಳಿತಕ್ಕೆ ಬಂದಿತು. (ಇದಕ್ಕೆ ಸುಮಾರು ಎಂಬತ್ತು ವರ್ಷ ಮೊದಲು ತ್ವೆರ್ ಪಟ್ಟಣದ ವ್ಯಾಪಾರಿ ಅಫಾನಾಸಿ ನಿಕಿತಿನ್ ಇದೇ ನದಿಯಲ್ಲಿ ಇಳಿದು ಹೋಗುವಾಗ ಅಸ್ತ್ರಾಖಾನಿನ ಬಳಿ ಸುಲಿಗೆಗೊಳಗಾದ, ಬರಿಗೈಯಲ್ಲಿ ಹಿಂತಿರುಗಲು ಮನಸ್ಸಾಗದೆ ಪರ್ಷಿಯಾ ದಾಟಿ ಬಹಮನಿಗಳ ಬೀದರ್‌ವರೆಗೂ ಹೋದ.) ಮುಂದೆ 1580ರ ದಶಕದಲ್ಲಿ, ಹುಲ್ಲುಗಾವಲಿನ ಅಂಚಿನ ಸ್ವತಂತ್ರ ಯೋಧರಾದ ಕೊಸ್ಸಾಕರ ಮುಖಂಡ ಯೆರ್ಮಾಕ್ ಉರಲ್ ದಾಟಿದ; 1639ರಲ್ಲಿ ರಷ್ಯನ್ನರು ಒಖೋತ್ಸ್ಕ್ ಸಮುದ್ರದ ದಂಡೆಯಲ್ಲಿದ್ದರು. ಅರುವತ್ತು ವರ್ಷಗಳಲ್ಲಿ ಅಷ್ಟು ದೂರ ಎಳೆದೊಯ್ದದ್ದು ಸೇಬಲ್ ಎಂಬ ಪುಟ್ಟ ಪ್ರಾಣಿಯ ತುಪ್ಪಳ. ಸೈಬೀರಿಯದ ಮೂಲನಿವಾಸಿಗಳಿಂದ ಅದನ್ನು ‘ಯಸಾಕ್’ ಎಂಬ ಕಪ್ಪದ ರೂಪದಲ್ಲಿ, ಅನೇಕ ವೇಳೆ ಒತ್ತೆಯಾಳುಗಳನ್ನು ಹಿಡಿದಿಟ್ಟುಕೊಂಡು, ಕಸಿಯಲಾಗುತ್ತಿತ್ತು.

ಓದುವಾಗ ಹೆಸರು ಮತ್ತು ದಿನಾಂಕಗಳು ಕೊಡುವ ಕಾಟವನ್ನು ಆರಂಭದಲ್ಲಿಯೇ ನಿವಾರಿಸಿಕೊಳ್ಳುವುದು ಒಳ್ಳೆಯದು. 1918ರ ಫೆಬ್ರುವರಿಯವರೆಗೆ ರಷ್ಯಾದಲ್ಲಿ ಜೂಲಿಯನ್ ಪಂಚಾಂಗವಿದ್ದುದರಿಂದ 1917ರ ‘ಅಕ್ಟೋಬರ್ ಕ್ರಾಂತಿ’ ನಮ್ಮ ಲೆಕ್ಕದಲ್ಲಿ ನವೆಂಬರ್ 7ರಂದು ನಡೆಯಿತು. ಸೇಂಟ್ ಪೀಟರ್ಸ್‌ಬರ್ಗ್ 1914ರಲ್ಲಿ ಪೆತ್ರೊಗ್ರಾದ್, 1924ರಲ್ಲಿ ಲೆನಿನ್‌ಗ್ರಾದ್ ಆಗಿ 1991ರಲ್ಲಿ ಹಳೆಯ ಹೆಸರಿಗೆ ಮರಳಿತು. ತ್ಸಾರಿತ್ಸಿನ್, ಸ್ಟಾಲಿನ್‌ಗ್ರಾದ್, ವೋಲ್ಗೊಗ್ರಾದ್ ಮೂರೂ ಒಂದೇ ಊರು. ಇವನ್ನು ನಕ್ಷೆಯ ಅಂಚಿನಲ್ಲಿ ಬರೆದಿಟ್ಟುಕೊಂಡರೆ ಸಾಕು. ಇವೆಲ್ಲಕ್ಕಿಂತ ಮುಖ್ಯವಾದುದು ಬೇರೊಂದಿದೆ. ರಷ್ಯನ್ ಭಾಷೆಯಲ್ಲಿ ‘ರೂಸ್ಕಿ’ ಎಂದರೆ ರಷ್ಯನ್ ಜನಾಂಗದವನು, ‘ರೊಸ್ಸಿಯಾನಿನ್’ ಎಂದರೆ ರಷ್ಯಾ ದೇಶದ ಪ್ರಜೆ. ಕಜಾನಿನ ತಾತಾರ ಎರಡನೆಯವನೇ ಹೊರತು ಮೊದಲನೆಯವನಲ್ಲ; ಕಜಕಸ್ತಾನದಲ್ಲಿ ಹುಟ್ಟಿ ಬೆಳೆದ ರಷ್ಯನ್ ಮೊದಲನೆಯವನು, ಎರಡನೆಯವನಲ್ಲ. ಕನ್ನಡದಲ್ಲಿ ಎರಡಕ್ಕೂ ‘ರಷ್ಯನ್’ ಎಂದೇ ಬಳಸುವುದರಿಂದ, ಓದುವ ಪ್ರತಿ ವಾಕ್ಯದಲ್ಲಿಯೂ ಯಾವ ಅರ್ಥವೆಂದು ನಿಂತು ಕೇಳಿಕೊಳ್ಳಬೇಕಾಗುತ್ತದೆ.

ನೆರೆಹೊರೆಯ ಹಾಳೆಗೆ ಹೆಚ್ಚು ಕಾಲ ಕೊಡುವುದು ಅವಶ್ಯ. ನೆಲದ ಗಡಿ ಹಂಚಿಕೊಂಡ ದೇಶಗಳು ಹದಿನಾಲ್ಕು: ನಾರ್ವೆ, ಫಿನ್ಲೆಂಡ್, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಪೋಲೆಂಡ್, ಬೆಲಾರುಸ್, ಉಕ್ರೇನ್, ಜಾರ್ಜಿಯಾ, ಅಜರ್‌ಬೈಜಾನ್, ಕಜಕಸ್ತಾನ, ಮಂಗೋಲಿಯಾ, ಚೀನಾ ಮತ್ತು ಉತ್ತರ ಕೊರಿಯಾ. ಇವುಗಳಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾ ತಾಗುವುದು ಮುಖ್ಯ ಭೂಭಾಗವನ್ನಲ್ಲ, ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಕೈಸೇರಿದ ಕಾಲಿನಿನ್‌ಗ್ರಾದ್ ತುಣುಕನ್ನು. ಕಜಕಸ್ತಾನದೊಂದಿಗಿನ ಗಡಿ ಸುಮಾರು 7,600 ಕಿಲೋಮೀಟರ್. ಉತ್ತರ ಕೊರಿಯಾದೊಂದಿಗಿನದು ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. 2014ರಲ್ಲಿ ಕ್ರೈಮಿಯಾವನ್ನೂ, 2022ರ ದಾಳಿಯ ಬಳಿಕ ಉಕ್ರೇನಿನ ಇನ್ನೂ ನಾಲ್ಕು ಪ್ರಾಂತಗಳನ್ನೂ ರಷ್ಯಾ ತನ್ನವೆಂದು ಘೋಷಿಸಿಕೊಂಡಿದ್ದರೂ ಜಗತ್ತಿನ ಬಹುಪಾಲು ದೇಶಗಳು ಅದನ್ನು ಒಪ್ಪಿಲ್ಲ. ಮಾಸ್ಕೋದಲ್ಲಿ ಮುದ್ರಿಸಿದ ನಕ್ಷೆಯನ್ನು ಹಾಗೆಯೇ ನಕಲು ಮಾಡದೆ ಅಲ್ಲಿ ಚುಕ್ಕಿಗೆರೆ ಎಳೆಯುವುದು ಸರಿ.

ಪ್ರತಿ ಗಡಿಯನ್ನೂ ಆಚೆ ದಡದಲ್ಲಿ ನಿಂತು ಇನ್ನೊಮ್ಮೆ ಓದಬೇಕು. ಉಕ್ರೇನಿನ ಕೊಸ್ಸಾಕರು ರಷ್ಯಾದ ದೊರೆಯಾದ ತ್ಸಾರನ ಆಶ್ರಯವನ್ನು ಒಪ್ಪಿಕೊಂಡ 1654ರ ಪೆರೆಯಾಸ್ಲಾವ್ ಒಪ್ಪಂದವನ್ನು ರಷ್ಯನ್ ಇತಿಹಾಸಕಾರರು ಪುನರ್ಮಿಲನವೆಂದು ಬರೆದರೆ, ಉಕ್ರೇನಿನವರಿಗೆ ಅದು ಕೊಸ್ಸಾಕರು ಮಾಡಿಕೊಂಡ, ಮುಂದೆ ತ್ಸಾರರು ಮುರಿದ ಒಂದು ಕರಾರು. 1932–33ರಲ್ಲಿ ಧಾನ್ಯದ ಬಲವಂತದ ವಸೂಲಿಯಿಂದ ಲಕ್ಷಾಂತರ ಜನ ಸತ್ತ ಕ್ಷಾಮದ ನೆನಪು ಉಕ್ರೇನಿನಲ್ಲಿಯೂ ಕಜಕಸ್ತಾನದಲ್ಲಿಯೂ ಇಂದಿನ ರಾಜಕೀಯದ ಭಾಗ. ಒಂದೇ ಕಡೆಯವರ ಗ್ರಂಥಗಳನ್ನು ಓದಿ ಮುಗಿಸಿದವರಿಗೆ ಈ ಕೋಪತಾಪಗಳು ಆಕಾಶದಿಂದ ಉದುರಿದಂತೆ ಕಾಣುತ್ತವೆ.

ಕೊನೆಯ ಹಾಳೆ ಆರ್ಥಿಕತೆಯದು. ಒಟ್ಟು ಉತ್ಪನ್ನದ ಅಂಕಿಗಳಿಂದ ಆರಂಭಿಸಬಾರದು. ಉತ್ಪಾದನೆಯ ಸ್ಥಳಗಳನ್ನು ಗುರುತಿಸಿ, ಅಲ್ಲಿಂದ ಸರಕು ಹೊರಹೋಗುವ ದಾರಿಯನ್ನು ಎಳೆಯಬೇಕು. 1965ರಲ್ಲಿ ಪತ್ತೆಯಾದ ಸಮೊತ್ಲೊರ್ ತೈಲಕ್ಷೇತ್ರ, ಉರೆಂಗೊಯ್ ಅನಿಲ, ಕುಜ್ನೆತ್ಸ್ಕಿನ ಕಲ್ಲಿದ್ದಲು, ನೊರಿಲ್ಸ್ಕಿನ ನಿಕ್ಕಲ್, ಯಾಕೂತಿಯಾದ ವಜ್ರ ಇವೆಲ್ಲವೂ ಉರಲ್‌ನ ಪೂರ್ವಕ್ಕಿವೆ. ಜನಸಂಖ್ಯೆಯ ಸುಮಾರು ಮುಕ್ಕಾಲು ಪಾಲು ಇರುವುದು ಪಶ್ಚಿಮದಲ್ಲಿ. ದೇಶದ ಅರ್ಧಕ್ಕಿಂತ ಹೆಚ್ಚು ನೆಲ ಸದಾ ಹೆಪ್ಪುಗಟ್ಟಿರುವುದರಿಂದ ಉತ್ತರದಲ್ಲಿ ಕಟ್ಟಡಗಳನ್ನು ಕಂಬಗಳ ಮೇಲೆ ಎತ್ತಿ ಕಟ್ಟಬೇಕಾಗುತ್ತದೆ. ಆದ್ದರಿಂದ ಇಲ್ಲಿನ ಆರ್ಥಿಕತೆಯೆಂದರೆ ಬಹುಮಟ್ಟಿಗೆ ದೂರವನ್ನು ದಾಟುವ ಖರ್ಚಿನ ಲೆಕ್ಕ ಎಂದು ನನ್ನ ಎಣಿಕೆ. 1964ರಲ್ಲಿ ಕೆಲಸ ಆರಂಭಿಸಿದ ದ್ರುಜ್ಬಾ ಕೊಳವೆಮಾರ್ಗ ಬೆಲಾರುಸ್ ಮತ್ತು ಉಕ್ರೇನ್‌ಗಳ ಮೂಲಕ ಯುರೋಪಿಗೆ ತೈಲ ಒಯ್ದಿತು. ಹೀಗೆ ನಡುವೆ ಸಿಕ್ಕ ನೆರೆಯವರು ಗಿರಾಕಿಗಳೂ ಹೌದು, ಸಾಗಣೆಯ ಸುಂಕ ಪಡೆಯುವವರೂ ಹೌದು. 1991ರ ನಂತರದ ಅನಿಲದ ಜಗಳಗಳೆಲ್ಲ ಈ ಇಬ್ಬಂದಿತನದಿಂದ ಹುಟ್ಟಿದವು. ರೂಬಲ್ಲಿನ ಹಳೆಯ ಅಂಕಿಗಳನ್ನು ಹೋಲಿಸುವವರು 1998ರ ಜನವರಿಯಲ್ಲಿ ಸಾವಿರ ಹಳೆಯ ರೂಬಲ್‌ಗೆ ಒಂದು ಹೊಸ ರೂಬಲ್ ಬಂದುದನ್ನು ಮರೆಯಬಾರದು.

ಹಾಳೆಗಳೆಲ್ಲ ಸಿದ್ಧವಾದ ಮೇಲೆ ಒಂದೇ ನದಿಯನ್ನು ಹಿಡಿದು ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕು. ನನಗೆ ಹೆಚ್ಚು ಕಲಿಸಿದ್ದು ರಷ್ಯಾ–ಚೀನಾ ಗಡಿಯಲ್ಲಿ ಹರಿಯುವ ಆಮೂರ್. 1689ರ ನೆರ್ಚಿನ್ಸ್ಕ್ ಒಪ್ಪಂದದಲ್ಲಿ ರಷ್ಯಾ ಈ ಕಣಿವೆಯನ್ನು ಚೀನಾದ ಚಿಂಗ್ ಅರಸರಿಗೆ ಬಿಟ್ಟುಕೊಟ್ಟಿತು. ಚೀನಾ ದುರ್ಬಲವಾಗಿದ್ದ 1858 ಮತ್ತು 1860ರ ಒಪ್ಪಂದಗಳಲ್ಲಿ ಉತ್ತರ ದಡವನ್ನೂ ಅದರ ಉಪನದಿ ಉಸ್ಸುರಿಯ ಪೂರ್ವದ ನೆಲವನ್ನೂ ರಷ್ಯಾ ಪಡೆದು, ವ್ಲಾದಿವೊಸ್ತೊಕ್ ಸ್ಥಾಪಿಸಿತು. 1969ರಲ್ಲಿ ಉಸ್ಸುರಿಯ ಒಂದು ದ್ವೀಪಕ್ಕಾಗಿ ಎರಡೂ ಕಮ್ಯುನಿಸ್ಟ್ ದೇಶಗಳು ಗುಂಡು ಹಾರಿಸಿಕೊಂಡವು. ಗಡಿಯ ಕೊನೆಯ ತಕರಾರು ಬಗೆಹರಿದದ್ದು ಈ ಶತಮಾನದ ಮೊದಲ ದಶಕದಲ್ಲಿ. 2019ರ ಡಿಸೆಂಬರಿನಿಂದ ಸೈಬೀರಿಯದ ಅನಿಲ ಇದೇ ನದಿಯ ಅಡಿಯಿಂದ ಚೀನಾಕ್ಕೆ ಹರಿಯುತ್ತಿದೆ. 2022ರಲ್ಲಿ ಮೊದಲು ರಸ್ತೆಯ ಸೇತುವೆ, ಆನಂತರ ರೈಲು ಸೇತುವೆ ತೆರೆದವು. ರೈಲು ಸೇತುವೆಯ ಎರಡು ತುದಿಗಳಲ್ಲಿ ಮಾತ್ರ ಹಳಿಗಳ ಅಗಲ ಇಂದಿಗೂ ಬೇರೆಬೇರೆ: ರಷ್ಯಾದ ಕಡೆ 1,520 ಮಿಲಿಮೀಟರ್, ಚೀನಾದ ಕಡೆ 1,435. ಈ 1,520ರ ಹಳಿ ಇನ್ನೂ ಎಲ್ಲೆಲ್ಲಿ ಓಡುತ್ತದೆಯೆಂದು ಒಂದು ಖಾಲಿ ಹಾಳೆಯ ಮೇಲೆ ಎಳೆದು ನೋಡಿದರೆ ಬೆಲಾರುಸ್, ಉಕ್ರೇನ್, ಬಾಲ್ಟಿಕ್ ದೇಶಗಳು, ಕಜಕಸ್ತಾನ, ಮಂಗೋಲಿಯಾ ಎಲ್ಲವೂ ಅದರೊಳಗೆ ಬರುತ್ತವೆ. ಪೋಲೆಂಡಿನ ಗಡಿಯ ಬ್ರೆಸ್ಟ್‌ನಲ್ಲಿ ಗಾಡಿಗಳ ಚಕ್ರದ ಚೌಕಟ್ಟನ್ನೇ ಬದಲಿಸಬೇಕಾಗುತ್ತದೆ.