ಧ್ವನಿಮುದ್ರಣವೇ ಹೊಟ್ಟೆಪಾಡಾಗಬೇಕಾದರೆ ಮೊದಲು ಮಳೆಗಾಲದ ಲೆಕ್ಕ

ದಕ್ಷಿಣ ಕನ್ನಡ, ಉಡುಪಿ ಕಡೆ ಆಡಿಯೋ ರೆಕಾರ್ಡಿಂಗ್ ಕೆಲಸಕ್ಕೆ ಎರಡೇ ಕಾಲ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಲ್ಲಿಂದ, ತುಳುನಾಡಿನಲ್ಲಿ ತಿರುಗಾಟ ನಿಲ್ಲುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ, ಅಂದರೆ ಮೇ ಕೊನೆಯ ವಾರದವರೆಗೆ, ಆಟದ (ಯಕ್ಷಗಾನ ಪ್ರದರ್ಶನದ) ಕಾಲ. ಆಮೇಲೆ ಮಳೆ. ಆಟದ ಕಾಲದಲ್ಲಿ ಕೆಲಸ ಗೊತ್ತಿರುವ ಯಾರಿಗೂ ಕೈತುಂಬ ಕರೆ ಬರುತ್ತದೆ. ಅದನ್ನು ನೋಡಿ ನೌಕರಿ ಬಿಡಬಾರದು. ಇದು ಕಸುಬಾಗುತ್ತದೋ, ಬಿಡುವಿನ ಕೆಲಸವಾಗಿಯೇ ಉಳಿಯಬೇಕೋ ಎಂಬುದನ್ನು ತೀರ್ಮಾನಿಸುವುದು ಜೂನ್‌ನಿಂದ ನವೆಂಬರ್ ನಡುವರೆಗಿನ ಐದೂವರೆ ತಿಂಗಳು.

ನಾನು ಲೆಕ್ಕ ಹಾಕುವ ಕ್ರಮ ಹೀಗೆ. ಅಂಕಿ ನಿಮ್ಮವೇ ಹಾಕಿಕೊಳ್ಳಿ. ಮನೆ ಖರ್ಚು ತಿಂಗಳಿಗೆ 30,000 ರೂ. ಎಂದರೆ ವರ್ಷಕ್ಕೆ 3,60,000. ರೆಕಾರ್ಡರ್, ಮೈಕ್, ಸ್ಟ್ಯಾಂಡ್, ಹೆಡ್‌ಫೋನ್ ಎಲ್ಲ ಸೇರಿ ಒಂದೂವರೆ ಲಕ್ಷದ ಸಾಮಾನು ಐದು ವರ್ಷ ಬಾಳಿದರೆ ವರ್ಷಕ್ಕೆ 30,000 ಬದಿಗಿಡಬೇಕು. ಪೆಟ್ರೋಲ್, ಬ್ಯಾಟರಿ, ಹಾರ್ಡ್ ಡಿಸ್ಕ್, ರಿಪೇರಿಗೆ 60,000. ಒಟ್ಟು 4,50,000. ಇನ್ನು ಆದಾಯ. ಒಂದು ಆಟಕ್ಕೆ ಮಿಕ್ಸಿಂಗ್ ಸೇರಿ 4,000 ರೂ., ತಿಂಗಳಿಗೆ 12 ಆಟ, ಆರೂವರೆ ತಿಂಗಳು: 78 ಆಟ, 3,12,000 ರೂ. ಬಾಕಿ 1,38,000 ರೂಪಾಯಿ ಮಳೆಗಾಲದಲ್ಲೇ ಹುಟ್ಟಬೇಕು, ಅಂದರೆ ತಿಂಗಳಿಗೆ ಸುಮಾರು 25,000.

ತಿಂಗಳಿಗೆ 12 ಆಟ ಕಡಿಮೆಯಾಯಿತು, 20 ಮಾಡಬಹುದಲ್ಲ ಎನಿಸುತ್ತದೆ. ಗಂಟೆ ಎಣಿಸಿ ನೋಡಿ. ಮೈಕ್ ಕಟ್ಟಿ ಬಿಚ್ಚಲು ಎರಡು, ಆಟಕ್ಕೆ ಆರು, ಮನೆಗೆ ಬಂದು ಮಿಕ್ಸಿಂಗಿಗೆ ಇನ್ನೂ ಆರು. ಒಂದು ಆಟಕ್ಕೆ 14 ಗಂಟೆ, ಹನ್ನೆರಡಕ್ಕೆ 168. ಅದರಲ್ಲಿ ಹೆಚ್ಚಿನದು ನಿದ್ದೆಗೆಟ್ಟ ಗಂಟೆ. ಇದಕ್ಕಿಂತ ಹೆಚ್ಚು ಒಪ್ಪಿಕೊಂಡರೆ ಮೊದಲು ಕೆಡುವುದು ಮಿಕ್ಸಿಂಗ್. ಮಿಕ್ಸಿಂಗ್ ಕೆಟ್ಟರೆ ಮುಂದಿನ ವರ್ಷ ಕರೆ ಬರುವುದಿಲ್ಲ.

ನೌಕರಿಯ ಜೊತೆಗೆ ಮಾಡುವವರಿಗೆ ಮೊದಲಿಗಿಂತ ಈಗ ಅನುಕೂಲ. ಹಲವು ಮೇಳಗಳು ಕಾಲಮಿತಿ ಪ್ರದರ್ಶನಕ್ಕೆ ಬಂದಿರುವುದರಿಂದ ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡಿ ಮುಗಿಯುತ್ತದೆ. ಬೆಳಗಿನವರೆಗಿನ ಆಟ ಮುಗಿಸಿ ಒಂಬತ್ತಕ್ಕೆ ಕಚೇರಿಯಲ್ಲಿ ಕೂರುವುದು ಆಗದ ಮಾತು. ತಿಂಗಳಿಗೆ ಮೂರು ಆಟ ಎಂದರೆ 42 ಗಂಟೆ, ಅದು ನೌಕರಿಯವರಿಗೆ ಮಿತಿ. ಒಂದು ವಿಷಯ ಮಾತ್ರ ಕಡ್ಡಾಯ: ದರ ಇಳಿಸಬಾರದು. ಸಂಬಳ ಹೇಗೂ ಬರುತ್ತದೆಂದು ಪೆಟ್ರೋಲ್ ದುಡ್ಡಿಗೆ ಮಾಡಿಕೊಟ್ಟರೆ, ಇದನ್ನೇ ನಂಬಿದವರ ಅನ್ನಕ್ಕೆ ಕಲ್ಲು ಹಾಕಿದಂತೆ. ದಾಖಲಾತಿಗಾಗಿ ಪುಕ್ಕಟೆ ಮಾಡುವುದು ಬೇರೆ ಮಾತು, ಅದನ್ನು ಮಾಡಲೇಬೇಕು. ಆದರೆ ಅದು ದಾಖಲಾತಿ ಎಂದು ಮೊದಲೇ ಹೇಳಿರಬೇಕು.

ದುಡ್ಡು ಕೊಡುವವರು ಹೆಚ್ಚಾಗಿ ಲೈವ್ ವಿಡಿಯೋ ತಂಡದವರು, ಇಲ್ಲವೇ ಆಟ ಆಡಿಸುವ ಸೇವಾಕರ್ತರು. ಕಟೀಲಿನಂಥ ಕ್ಷೇತ್ರದ ಮೇಳಗಳಲ್ಲಿ ಹರಕೆ ಆಟಕ್ಕೆ ವರ್ಷಗಳ ಮೊದಲೇ ಹೆಸರು ಬರೆಸಿರುತ್ತಾರೆ. ಹಾಗಾಗಿ ದಿನಾಂಕ ಗೊತ್ತಾದ ಸೇವಾಕರ್ತರನ್ನು ಅಕ್ಟೋಬರಿನಲ್ಲೇ ಮಾತಾಡಿಸಿಟ್ಟರೆ ಅರ್ಧ ಸೀಸನ್ ತುಂಬುತ್ತದೆ.

ಇನ್ನು ಕೆಲಸ. ಎಲ್ಲರೂ ಮೊದಲು ಮಾಡುವುದು, ಮೈಕ್‌ಸೆಟ್‌ನವರ ಮಿಕ್ಸರಿನ ಮೇನ್ ಔಟಿಗೆ ಒಂದು ವಯರ್ ಸಿಕ್ಕಿಸುವುದು. ಮನೆಗೆ ಬಂದು ಕೇಳಿದರೆ ಭಾಗವತರು ಕಿವಿಯೊಳಗೇ ಹಾಡುತ್ತಿರುತ್ತಾರೆ, ಚೆಂಡೆ ಎಲ್ಲೋ ಪಕ್ಕದ ಊರಿನಲ್ಲಿ. ಕಾರಣ ಸರಳ. ಚೆಂಡೆಯ ಸದ್ದು ಬಯಲಿನಲ್ಲಿ ತಾನಾಗಿಯೇ ಕೇಳುವುದರಿಂದ ಅವರು ಅದನ್ನು ಮಿಕ್ಸರಿನಲ್ಲಿ ಏರಿಸಿರುವುದೇ ಇಲ್ಲ. ಹಾಗಾಗಿ ನಾನು ಕೇಳುವುದು ಪ್ರೀ-ಫೇಡರ್ ಆಕ್ಸ್, ಅಂದರೆ ಮಿಕ್ಸರಿನ ಫೇಡರ್‌ಗೆ (ಸದ್ದು ಏರಿಸಿ ಇಳಿಸುವ ಗುಂಡಿಗೆ) ಮೊದಲೇ ಸದ್ದನ್ನು ಹೊರಗೆ ಕೊಡುವ ಬೇರೆ ದಾರಿ. ಅವರು ಮೈದಾನಕ್ಕಾಗಿ ಫೇಡರ್ ಏರಿಸಿ ಇಳಿಸಿದರೂ ನಮ್ಮ ಮುದ್ರಣಕ್ಕೆ ಅದು ತಾಗುವುದಿಲ್ಲ. ಜೊತೆಗೆ ರಂಗಸ್ಥಳದ ಎದುರು, ತಲೆಗಿಂತ ಎತ್ತರದಲ್ಲಿ, ಎರಡು ಕಾರ್ಡಿಯಾಯ್ಡ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ) ಕಂಡೆನ್ಸರ್ (ಸೂಕ್ಷ್ಮ ಸದ್ದನ್ನೂ ಹಿಡಿಯುವ) ಮೈಕ್: ನಡುವೆ 17 ಸೆಂ.ಮೀ., ಕೋನ 110 ಡಿಗ್ರಿ. ಚೆಂಡೆಯ ಗಾತ್ರ, ಗೆಜ್ಜೆಯ ಸದ್ದು, ಜನರ ಪ್ರತಿಕ್ರಿಯೆ ಸಿಗುವುದು ಇದರಲ್ಲೇ.

ಈ ಎರಡನ್ನೂ ಒಂದೇ ಮಲ್ಟಿಟ್ರ್ಯಾಕ್ ರೆಕಾರ್ಡರಿಗೆ ಕೊಡಬೇಕು. ಬೇರೆ ಬೇರೆ ಯಂತ್ರಗಳಲ್ಲಿ ಹಿಡಿದರೆ ಅವುಗಳ ಗಡಿಯಾರ ಒಂದಾಗಿರುವುದಿಲ್ಲ. ದಶಲಕ್ಷಕ್ಕೆ ಹತ್ತರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 36 ಮಿಲಿಸೆಕೆಂಡ್ ಸರಿಯುತ್ತದೆ. ಮೂರು ಗಂಟೆ ಕಳೆಯುವಷ್ಟರಲ್ಲಿ ಚೆಂಡೆಯ ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ಒಂದೇ ಯಂತ್ರದಲ್ಲಿದ್ದರೂ ದೂರದ ವಿಳಂಬ ಇದ್ದೇ ಇದೆ: ಮೈಕ್ ಹತ್ತು ಮೀಟರ್ ಹಿಂದಿದ್ದರೆ ಸುಮಾರು 29 ಮಿಲಿಸೆಕೆಂಡ್. ಎಡಿಟಿಂಗಿನಲ್ಲಿ ಆ ಜೋಡಿಯನ್ನು ಅಷ್ಟು ಮುಂದಕ್ಕೆ ಎಳೆದುಕೊಂಡರೆ ಹಿಮ್ಮೇಳ (ಹಾಡು, ಚೆಂಡೆ, ಮದ್ದಳೆ) ಗಟ್ಟಿಯಾಗಿ ಕೂರುತ್ತದೆ.

ಲೆವೆಲ್ ಇಡುವಾಗ ಒಡ್ಡೋಲಗದ (ಪಾತ್ರಗಳ ರಂಗಪ್ರವೇಶದ) ಅಬ್ಬರವನ್ನು ನೋಡಿಕೊಳ್ಳಬೇಕೇ ಹೊರತು ಭಾಗವತರು ಹಾಡುವ ಮೊದಲ ಪದವನ್ನಲ್ಲ. ಪದ ಹೇಳುವಾಗ ಮೀಟರ್ ಮೈನಸ್ 24 ಡೆಸಿಬಲ್‌ನ ಆಸುಪಾಸು ಇದ್ದರೆ ಚೆಂಡೆಗೆ ಜಾಗ ಉಳಿಯುತ್ತದೆ. ಬಹು ಸಣ್ಣ, ಬಹು ದೊಡ್ಡ ಸದ್ದನ್ನು ಒಟ್ಟಿಗೇ ಹಿಡಿಯುವ 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದರೆ ಲೆವೆಲ್ ಚಿಂತೆಯೇ ಬೇಡ ಎನ್ನುವವರಿದ್ದಾರೆ. ಆದರೆ ಮೈಕಿನೊಳಗೇ ಒಡೆದ ಸದ್ದನ್ನು ಯಾವ ರೆಕಾರ್ಡರೂ ಸರಿಮಾಡದು. ಚೆಂಡೆಯ ಹತ್ತಿರ ಇಡುವ ಮೈಕ್ ಅಗ್ಗದ ಕಂಡೆನ್ಸರ್ ಆಗಿರಬಾರದು, ಅಲ್ಲಿಗೆ ದೊಡ್ಡ ಸದ್ದು ತಾಳುವ ಡೈನಮಿಕ್ ಮೈಕೇ ಸರಿ. ಭಾಗವತರ ಕೈಯಲ್ಲಿರುವ ಜಾಗಟೆ ಅವರದೇ ಮೈಕಿಗೆ ಬಹಳ ಹತ್ತಿರ. ಮೈಕನ್ನು ಬಾಯಿಗೆ ನೇರವಾಗಿಟ್ಟು, ಅದರ ಬೆನ್ನು ಜಾಗಟೆಯ ಕಡೆ ಇರುವಂತೆ ತಿರುಗಿಸಿದರೆ ಆ ಕಿರುಚು ಬಹುಪಾಲು ಇಳಿಯುತ್ತದೆ.

ಜನರೇಟರ್ ಮತ್ತು ಬಣ್ಣದ ಲೈಟುಗಳ ಗುಂಯ್‌ಗುಡುವಿಕೆ ಇನ್ನೊಂದು ಪೀಡೆ. 50 ಹರ್ಟ್ಸ್ ಮತ್ತು ಅದರ ಗುಣಕಗಳಲ್ಲಿ ಕೂರುವ ಈ ಸದ್ದು ಬರುವುದು, ನಮ್ಮ ಯಂತ್ರವೂ ಅವರ ಮಿಕ್ಸರೂ ಎರಡು ಕಡೆ ಅರ್ಥ್ ಆದಾಗ. ನಮ್ಮ ರೆಕಾರ್ಡರನ್ನು ಬ್ಯಾಟರಿಯಲ್ಲೇ ಓಡಿಸಿ, ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ (ಎರಡರ ವಿದ್ಯುತ್ ಸಂಪರ್ಕ ಬಿಡಿಸಿ ಸದ್ದನ್ನು ಮಾತ್ರ ದಾಟಿಸುವ ಪೆಟ್ಟಿಗೆ) ಹಾಕಿದರೆ ಹೋಗುತ್ತದೆ. ಮಿಕ್ಸರಿನಿಂದ ಬರುವುದು ಲೈನ್ ಲೆವೆಲ್, ಅಂದರೆ ಮೈಕಿನದಕ್ಕಿಂತ ಜೋರಾದ ಸಿಗ್ನಲ್. ಇನ್‌ಪುಟ್ಟನ್ನೂ ಲೈನಿಗೆ ಬದಲಿಸಿ, ಆ ಚಾನೆಲಿನ 48 ವೋಲ್ಟ್ (ಕಂಡೆನ್ಸರ್ ಮೈಕಿಗೆ ಕೊಡುವ ವಿದ್ಯುತ್) ಆಫ್ ಮಾಡಿರಬೇಕು.

ಎಂಟು ಟ್ರ್ಯಾಕ್, 48 ಕಿಲೋಹರ್ಟ್ಸ್, 24 ಬಿಟ್ ಎಂದರೆ ಗಂಟೆಗೆ ಸುಮಾರು 4 ಜಿಬಿ, ಆರು ಗಂಟೆಯ ಆಟಕ್ಕೆ 25. ಸೀಸನ್ನಿಗೆ ಎರಡು ಟಿಬಿ, ಎರಡು ಪ್ರತಿ ಇಟ್ಟರೆ ನಾಲ್ಕು. ದರ ಹೇಳುವಾಗ ಈ ಡಿಸ್ಕಿನ ಖರ್ಚನ್ನು ಹೆಚ್ಚಿನವರು ಸೇರಿಸುವುದೇ ಇಲ್ಲ.

ಮಳೆ ಹಿಡಿದ ಮೇಲೆ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದ, ಹಾಡು ಮತ್ತು ಮಾತಿನ ಯಕ್ಷಗಾನ ಕೂಟ. ಎಲ್ಲರೂ ಕುಳಿತಿರುತ್ತಾರೆ, ಮೂರ್ನಾಲ್ಕು ಗಂಟೆ, ಹೆಚ್ಚಾಗಿ ಸಭಾಭವನದೊಳಗೆ. ಬಿಡುವಿನಲ್ಲಿ ಮಾಡುವವರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಇಲ್ಲಿನ ತೊಂದರೆ ಒಂದೇ: ವಾದ ಏರಿದ ಹಾಗೆ ಅರ್ಥಧಾರಿಗಳು (ಪಾತ್ರವಾಗಿ ಮಾತಾಡುವವರು) ಎದುರಾಳಿಯ ಕಡೆ ತಿರುಗುತ್ತಾರೆ, ಸ್ವರ ಮೈಕಿನಿಂದ ಜಾರುತ್ತದೆ. ಅದೂ ಒಳ್ಳೆಯ ಮಾತು ಬರುವಾಗಲೇ. ಮೈಕನ್ನು ನೇರ ಮುಂದೆ ಇಡದೆ, ಎದುರಾಳಿ ಕುಳಿತ ಬದಿಗೆ ಸ್ವಲ್ಪ ಸರಿಸಿ, ಬಾಯಿಂದ ಒಂದು ಗೇಣು ದೂರದಲ್ಲಿಟ್ಟರೆ ತಿರುಗಿದಾಗಲೂ ಸ್ವರ ಸಿಗುತ್ತದೆ.

ಆದರೆ ಕೂಟಗಳಿಂದ ತಿಂಗಳಿಗೆ 25,000 ಹುಟ್ಟುವುದು ಕಷ್ಟ. ಮಳೆಗಾಲಕ್ಕೆ ನಿಜವಾದ ಆಧಾರ ಓದಿನ ಕೆಲಸ: ಆಡಿಯೋ ಪುಸ್ತಕ, ಜಾಹೀರಾತು, ಸಾಕ್ಷ್ಯಚಿತ್ರದ ನಿರೂಪಣೆ. ಮುಗಿದ ಒಂದು ಗಂಟೆಗೆ (ಎಡಿಟಿಂಗ್ ಆಗಿ ಕೇಳಲು ಸಿದ್ಧವಾದ ಒಂದು ಗಂಟೆಯ ಧ್ವನಿಗೆ) 2,500 ರೂ. ಎಂದು ಹಿಡಿದರೆ ತಿಂಗಳಿಗೆ ಹತ್ತು ಗಂಟೆಯ ಕೆಲಸ ಬೇಕು. ಒಂದು ಮುಗಿದ ಗಂಟೆಗೆ ಓದು, ಎಡಿಟಿಂಗ್, ಮರುಕೇಳಿಕೆ ಸೇರಿ ಆರು ಗಂಟೆ ಹೋಗುತ್ತದೆ. ತಪ್ಪಾದ ಕೂಡಲೇ ನಾಲ್ಕು ಸೆಕೆಂಡ್ ಹಿಂದಕ್ಕೆ ಹೋಗಿ, ಕೇಳಿಸಿ, ಅಲ್ಲಿಂದಲೇ ಮುಂದುವರಿಸಿದರೆ ಎಡಿಟಿಂಗ್ ಬಹಳ ಇಳಿಯುತ್ತದೆ. ಕನ್ನಡದ ಓದಿನಲ್ಲಿ ತಿದ್ದಬೇಕಾಗುವುದು ಹೆಚ್ಚಾಗಿ ಮಹಾಪ್ರಾಣ ಮತ್ತು ದೀರ್ಘ. ಅದನ್ನು ಹಿಡಿಯಲು ಪುಸ್ತಕ ಕೈಯಲ್ಲಿಟ್ಟುಕೊಂಡು ಕೇಳುವ ಇನ್ನೊಬ್ಬರು ಬೇಕೇ ಬೇಕು. ದರ ಒಪ್ಪುವ ಮೊದಲು ಹತ್ತು ಪುಟ ಓದಿಸಿ, ಗಡಿಯಾರ ನೋಡಿ, ಇಡೀ ಪುಸ್ತಕದ ಗಂಟೆ ಅಂದಾಜಿಸಿ.

ಇದಕ್ಕೆ ಕೋಣೆ ಬೇಕು. ಹಂಚಿನ ಅಥವಾ ಶೀಟಿನ ಮಾಡಿನ ಕೆಳಗೆ ಜುಲೈಯಲ್ಲಿ ಓದಿಸಲು ಸಾಧ್ಯವೇ ಇಲ್ಲ. ತಾರಸಿ ಮನೆಯ ನಡುಕೋಣೆ, ಕೆಂಪುಕಲ್ಲಿನ ಗೋಡೆ ಇದ್ದರೆ ಅದೇ ದೊಡ್ಡ ಆಸ್ತಿ. ಒಳಗೆ ಘನಮೀಟರಿಗೆ 48 ಕಿಲೋ ಸಾಂದ್ರತೆಯ 50 ಮಿ.ಮೀ. ರಾಕ್‌ವೂಲ್, ಗೋಡೆಯಿಂದ ಇನ್ನೊಂದು 50 ಮಿ.ಮೀ. ಬಿಟ್ಟು. ಬಾಗಿಲಿನ ಅಡಿಯ ಸಂದಿಗೆ ರಬ್ಬರ್. ಸುಮ್ಮನಿರುವಾಗಿನ ಸದ್ದು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕು. ಸಂಜೆಯ ಜೀರುಂಡೆ ಮಳೆಗಿಂತ ಕೆಟ್ಟದ್ದು. ಅದರ ಸ್ವರ ನಮ್ಮ ಸ, ಶಗಳ ಜಾಗದಲ್ಲೇ ಇರುವುದರಿಂದ ತೆಗೆಯಹೋದರೆ ಮಾತೂ ಸವೆಯುತ್ತದೆ. ಓದು ಹಗಲಿಗೇ ಮುಗಿಯಬೇಕು. ಕಂಡೆನ್ಸರ್ ಮೈಕಿಗೆ ತೇವ ಹಿಡಿದರೆ ಚಿಟಿಪಿಟಿ ಶುರುವಾಗುತ್ತದೆ. ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿಡಿ.

ಕಾಗದಪತ್ರ ಕಸುಬಾಗಿ ಮಾಡುವವರಿಗೂ ಬಿಡುವಿನಲ್ಲಿ ಮಾಡುವವರಿಗೂ ಒಂದೇ. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಇದೆ, ಅದು 50 ವರ್ಷ. ಭಾಗವತರಿಂದ ಹಿಡಿದು ಪ್ರತಿ ಅರ್ಥಧಾರಿಯ ಲಿಖಿತ ಒಪ್ಪಿಗೆ ಬೇಕು. ಪ್ರಸಂಗಕರ್ತರು (ಆಟದ ಕಥೆಯನ್ನು ಪದ್ಯವಾಗಿ ಬರೆದವರು) ತೀರಿಕೊಂಡು 60 ವರ್ಷ ಆಗಿಲ್ಲದಿದ್ದರೆ ಪದ್ಯಗಳಿಗೂ ಅನುಮತಿ ಬೇಕು. ಅರ್ಧ ಹಣ ಮುಂಗಡ. ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಖರ್ಚಿಲ್ಲ. ಅದು ಇದ್ದರೆ ಕಂಪನಿಗಳು 45 ದಿನದೊಳಗೆ ಬಾಕಿ ಕೊಡಬೇಕೆಂಬ ಕಾನೂನು ನಮ್ಮ ಬೆನ್ನಿಗಿರುತ್ತದೆ.

ಓದಿನ ಕೆಲಸ ಕೊಡುವ ಇಬ್ಬರು ಮೂವರು ಗ್ರಾಹಕರು ಒಂದು ಇಡೀ ಮಳೆಗಾಲ ತಪ್ಪದೆ ಕೆಲಸ ಕೊಟ್ಟ ಮೇಲೆ, ಐದೂವರೆ ತಿಂಗಳ ಮನೆ ಖರ್ಚು, ಅಂದರೆ ಮೇಲಿನ ಲೆಕ್ಕದಲ್ಲಿ 1,65,000 ರೂ., ಬ್ಯಾಂಕಿನಲ್ಲಿ ಇದ್ದಾಗ ನೌಕರಿ ಬಿಡಬಹುದು. ಬಿಡುವುದಾದರೆ ನೋಟಿಸ್ ಅವಧಿ ದೀಪಾವಳಿಗೆ ಮುಗಿಯುವಂತೆ ಬಿಡಿ. ಆಟದ ಕಾಲದ ಗಳಿಕೆ ನೋಡಿ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟವರಿಗೆ ಮುಂದಿನ ಮೊದಲ ಆಟ ಸಿಗುವುದು ನವೆಂಬರಿನಲ್ಲಿ.